ದಿನಾಂಕವಿಲ್ಲದ ‘ನಾಳೆ’: ಉಡುಪಿಯ ಒಂದು ಮೊಬೈಲ್ ಸುದ್ದಿ ಸೇವೆಯ ವಿಮರ್ಶೆ

ಕಳೆದ ನವೆಂಬರಿನಿಂದ ಈ ಜುಲೈವರೆಗೆ, ಎಂದರೆ ಯಕ್ಷಗಾನ ಮೇಳಗಳು ಊರೂರು ಸುತ್ತಿ ಆಡುವ ಒಂದು ತಿರುಗಾಟದ ಅವಧಿ ಮತ್ತು ಮಳೆಗಾಲದ ಮೊದಲ ಎರಡು ತಿಂಗಳು, ಉಡುಪಿ ಸುತ್ತಮುತ್ತಲಿನ ಸುದ್ದಿಯನ್ನೂ ಕಾರ್ಯಕ್ರಮಗಳ ಮಾಹಿತಿಯನ್ನೂ ಮೊಬೈಲಿಗೆ ಕಳುಹಿಸುವ ಒಂದು ಸೇವೆಗೆ ಚಂದಾ ಕಟ್ಟಿ ಬಳಸಿದ್ದೇನೆ. ವರ್ಷದ ಚಂದಾ ಹೆಚ್ಚೇನಲ್ಲ; ಮನೆಗೆ ಬರುವ ದಿನಪತ್ರಿಕೆಯ ಎರಡು ತಿಂಗಳ ಬಿಲ್ಲಿಗಿಂತ ಕಡಿಮೆ. ಸೇವೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಇದೇ ಬಗೆಯ ಸೇವೆಗಳು ಕರಾವಳಿಯಲ್ಲಿ ಹಲವಿದ್ದು, ಚಂದಾ ಕಟ್ಟುವ ಮೊದಲು ಏನನ್ನು ನೋಡಬೇಕೆಂದು ತಿಳಿಸುವುದಷ್ಟೇ ನನ್ನ ಉದ್ದೇಶ.

ವೇಗದ ವಿಷಯದಲ್ಲಿ ದೂರಲು ಏನೂ ಇಲ್ಲ. ಕಲ್ಸಂಕದಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದನ್ನೂ, ಗಾಳಿಮಳೆಗೆ ಮಣಿಪಾಲದ ರಸ್ತೆಗೆ ಮರ ಉರುಳಿದ್ದನ್ನೂ ನಾನು ಮನೆಯಿಂದ ಹೊರಡುವ ಮೊದಲೇ ತಿಳಿಸಿತ್ತು. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವಾಗ ಮಲ್ಪೆ ಬಂದರಿನಲ್ಲಿ ಬಲೆ ಹೆಣೆಯುವವರನ್ನು ಮಾತನಾಡಿಸಿ ಮಾಡಿದ ಕಿರು ವಿಡಿಯೊ ನಿಜಕ್ಕೂ ಚೆನ್ನಾಗಿತ್ತು. ಹಿನ್ನೆಲೆ ಸಂಗೀತವನ್ನು ಕಡಿಮೆ ಮಾಡಿದ್ದರೆ ಅವರ ಮಾತು ಇನ್ನಷ್ಟು ಕೇಳಿಸುತ್ತಿತ್ತು.

ಆದರೆ ನಾನು ಚಂದಾ ಕಟ್ಟಿದ್ದು ಮುಖ್ಯವಾಗಿ ಕಾರ್ಯಕ್ರಮಗಳ ಮಾಹಿತಿಗಾಗಿ. ಉಡುಪಿಯಂಥ ಊರಿನಲ್ಲಿ ಒಂದೇ ಸಂಜೆ ರಾಜಾಂಗಣದಲ್ಲಿ ಭರತನಾಟ್ಯ, ಎಂಜಿಎಂ ಕಾಲೇಜಿನಲ್ಲಿ ನಾಟಕ, ಅಜ್ಜರಕಾಡಿನ ಪುರಭವನದಲ್ಲಿ ಸನ್ಮಾನ, ಹತ್ತು ಕಿಲೋಮೀಟರ್ ಸುತ್ತಳತೆಯಲ್ಲಿ ಎರಡು ಮೂರು ಕಡೆ ಹರಕೆ ಆಟ, ಎಂದರೆ ಭಕ್ತರು ಹರಕೆಯಾಗಿ ಆಡಿಸುವ ಯಕ್ಷಗಾನ, ಇರುವುದು ಹೊಸತಲ್ಲ. ದೀಪಾವಳಿಯ ಬಳಿಕ ಹೊರಟ ಮೇಳಗಳು ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವವರೆಗೆ, ದಿನಪತ್ರಿಕೆಯ ಸ್ಥಳೀಯ ಪುಟದಲ್ಲಿ ಬರುವ ಆಟಗಳ ಪಟ್ಟಿ ನಮ್ಮ ಮನೆಯಲ್ಲಿ ಮುಖಪುಟಕ್ಕಿಂತ ಮೊದಲು ಓದಿಸಿಕೊಳ್ಳುತ್ತದೆ. ಆ ಪಟ್ಟಿಯಲ್ಲಿ ವಿಶೇಷಣಗಳಿಲ್ಲ. ಯಾವ ಮೇಳ, ಯಾವ ಊರು, ಯಾರ ಮನೆಯ ವಠಾರ ಅಥವಾ ಯಾವ ಶಾಲೆಯ ಮೈದಾನ ಎಂಬಷ್ಟೇ ಇರುತ್ತದೆ. ಈ ಸೇವೆಯಲ್ಲಾದರೋ ಮೊದಲು ‘ಉಡುಪಿಯಲ್ಲಿ ಅದ್ಧೂರಿ ಯಕ್ಷಗಾನ’ ಎಂಬ ಶೀರ್ಷಿಕೆ ಬರುತ್ತದೆ, ಒತ್ತಿದರೆ ಜಾಹೀರಾತು, ಅದನ್ನು ದಾಟಿದರೆ ಯಕ್ಷಗಾನ ಕಲೆಯ ಹಿರಿಮೆಯ ಬಗ್ಗೆ ಎರಡು ಪ್ಯಾರಾ, ಕೊನೆಗೆ ಸಂತೆಕಟ್ಟೆ ಎಂದು ಸ್ಥಳದ ಹೆಸರು. ಕಲ್ಯಾಣಪುರದ ಸಂತೆಕಟ್ಟೆಯೋ ಕಳ್ತೂರು ಸಂತೆಕಟ್ಟೆಯೋ ಎಂಬುದನ್ನು ಓದುಗನೇ ಊಹಿಸಬೇಕು. ಎರಡಕ್ಕೂ ನಡುವಿನ ದೂರ ಬಲ್ಲವರಿಗೆ ಇದು ಎಂಥ ಊಹೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಸಮಯ ನಮೂದಿಸದಿರುವುದು ಇನ್ನೂ ದೊಡ್ಡ ಕೊರತೆ. ಆಟ ಬೆಳಗಿನವರೆಗೆ ನಡೆಯುತ್ತಿದ್ದ ಕಾಲದಲ್ಲಿ ಊಟ ಮುಗಿಸಿ ಹತ್ತು ಗಂಟೆಗೆ ಹೋದರೂ ನಷ್ಟವಿರಲಿಲ್ಲ. ಮುಖ್ಯ ವೇಷಗಳು ಬರುವುದೇ ಆಮೇಲೆ. ಈಗ ಕಾಲಮಿತಿಯ ಪ್ರದರ್ಶನಗಳು ಹೆಚ್ಚಾಗಿರುವುದರಿಂದ ಅದೇ ಹತ್ತು ಗಂಟೆಗೆ ಹೋದವನಿಗೆ ಸಿಗುವುದು ಉಳಿದ ಅರ್ಧ ಪ್ರಸಂಗ ಮಾತ್ರ.

ಫೆಬ್ರುವರಿಯಲ್ಲಿ ನಡೆದದ್ದನ್ನು ಹೇಳದೆ ಈ ವಿಮರ್ಶೆ ಪೂರ್ಣವಾಗದು. ‘ನಾಳೆ ಪೆರಂಪಳ್ಳಿಯಲ್ಲಿ ಆಟ’ ಎಂಬ ಸಂದೇಶವನ್ನು ಬೆಳಿಗ್ಗೆ ನೋಡಿ, ಮರುದಿನ ಸಂಜೆ ಭಾವನನ್ನೂ ಕೂರಿಸಿಕೊಂಡು ಅಲ್ಲಿಗೆ ಹೋದೆ. ಗದ್ದೆಯಲ್ಲಿ ನಾಲ್ಕು ಹುಡುಗರು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿ ಟೆಂಪೋಗೆ ಏರಿಸುತ್ತಿದ್ದರು. ‘ಆಟ ನಿನ್ನೆಯೇ ಮುಗಿಯಿತಲ್ಲ’ ಎಂದು ಅವರು ನಗುತ್ತಲೇ ಹೇಳಿದರು. ಸಂದೇಶವನ್ನು ಬರೆದದ್ದು ಹಿಂದಿನ ದಿನ, ನನ್ನ ಮೊಬೈಲಿಗೆ ಅದು ತಲುಪಿದ್ದು ನಡುರಾತ್ರಿ ಕಳೆದ ಮೇಲೆ, ಒಳಗೆಲ್ಲಿಯೂ ದಿನಾಂಕವಿರಲಿಲ್ಲ. ಭಾವ ಅಂದಿನಿಂದ ನನ್ನ ಮೊಬೈಲಿನ ಸುದ್ದಿಯನ್ನು ನಂಬುವುದಿಲ್ಲ.

ದಿನಪತ್ರಿಕೆಯಲ್ಲಿ ‘ಇಂದು’ ಎಂದು ಬರೆದರೆ ಸಾಕಾಗುತ್ತದೆ, ಏಕೆಂದರೆ ಪ್ರತಿ ಪುಟದ ನೆತ್ತಿಯಲ್ಲಿ ವಾರ ಮತ್ತು ತಾರೀಕು ಅಚ್ಚಾಗಿರುತ್ತವೆ. ಮೊಬೈಲಿನ ಸಂದೇಶಕ್ಕೆ ಆ ನೆತ್ತಿಯಿಲ್ಲ. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತಾ, ಮೂರು ದಿನ ಕಳೆದ ಮೇಲೂ ‘ನಾಳೆ’ಯಾಗಿಯೇ ಉಳಿಯುತ್ತದೆ. ಪತ್ರಿಕೆಯ ಭಾಷೆಯನ್ನು ಹಾಗೆಯೇ ಮೊಬೈಲಿಗೆ ಸಾಗಿಸಿರುವುದೇ ಈ ಸೇವೆಯ ಮೂಲದೋಷವೆಂದು ನನಗನ್ನಿಸುತ್ತದೆ.

ಮಳೆಗಾಲದಲ್ಲಿ ಇದರ ಪರಿಣಾಮ ಆಟ ತಪ್ಪಿಹೋಗುವಷ್ಟಕ್ಕೆ ನಿಲ್ಲುವುದಿಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸುತ್ತಾರೋ ಇಲ್ಲವೋ ಎಂದು ರಾತ್ರಿ ಒಂಬತ್ತರವರೆಗೆ ಕಾಯುವುದು ಕರಾವಳಿಯ ತಾಯಂದಿರಿಗೆಲ್ಲ ರೂಢಿ. ಉಡುಪಿ ಜಿಲ್ಲೆಯಲ್ಲಿ ಉಡುಪಿ, ಕಾಪು, ಬ್ರಹ್ಮಾವರ, ಕುಂದಾಪುರ, ಬೈಂದೂರು, ಕಾರ್ಕಳ, ಹೆಬ್ರಿ ಎಂದು 7 ತಾಲೂಕುಗಳಿದ್ದು, ರಜೆ ಕೆಲವೊಮ್ಮೆ ಕೆಲವು ತಾಲೂಕುಗಳಿಗಷ್ಟೇ ಇರುತ್ತದೆ. ಕೆಲವೊಮ್ಮೆ ದಕ್ಷಿಣ ಕನ್ನಡಕ್ಕಿದ್ದು ಇಲ್ಲಿಗೆ ಇರುವುದಿಲ್ಲ. ಈ ಸೇವೆ ಒಂದು ರಾತ್ರಿ ‘ನಾಳೆ ಶಾಲೆಗಳಿಗೆ ರಜೆ’ ಎಂದಷ್ಟೇ ಕಳುಹಿಸಿ, ಒಂದು ಗಂಟೆಯ ಬಳಿಕ ಅದನ್ನು ಸದ್ದಿಲ್ಲದೆ ಅಳಿಸಿತು. ಅಷ್ಟರಲ್ಲಿ ಪಕ್ಕದ ಮನೆಯ ಮಕ್ಕಳು ಪುಸ್ತಕದ ಚೀಲವನ್ನು ಮೂಲೆಗೆ ಎಸೆದಾಗಿತ್ತು. ತಪ್ಪಾಗುವುದು ಸಹಜವೆಂದು ಒಪ್ಪಿಕೊಂಡರೂ, ತಿದ್ದುಪಡಿಯನ್ನು ಪ್ರಕಟಿಸದಿರುವುದನ್ನು ಒಪ್ಪಲಾಗದು.

ವಿದ್ಯುತ್ ನಿಲುಗಡೆಯ ಪ್ರಕಟಣೆಗಳು ಬರುತ್ತವೆ, ಆದರೆ ವಿದ್ಯುತ್ ಕಂಪನಿ ಮೆಸ್ಕಾಂನ ಪತ್ರದ ಮಸುಕಾದ ಫೋಟೋ ರೂಪದಲ್ಲಿ. ಫೀಡರ್ ಹೆಸರುಗಳ ನಡುವೆ ಕುಂಜಿಬೆಟ್ಟು ಇದೆಯೇ ಎಂದು ಹುಡುಕಲು ಕನ್ನಡಕ ಬದಲಿಸಬೇಕಾಗುತ್ತದೆ.

ನಿಧನವಾರ್ತೆಯನ್ನು ಈ ಸೇವೆ ಬಹುಮಟ್ಟಿಗೆ ಕೈಬಿಟ್ಟಿದೆ. ಗಣ್ಯರು ತೀರಿಕೊಂಡರೆ ಮಾತ್ರ ಸುದ್ದಿ. ಎಂಬತ್ತು ದಾಟಿದ ನನ್ನ ಅಮ್ಮ ಪತ್ರಿಕೆಯನ್ನು ಬಿಡಿಸುವುದೇ ಆ ಅಂಕಣಕ್ಕಾಗಿ. ನಿವೃತ್ತ ಶಿಕ್ಷಕಿ, ಬಸ್ಸಿನ ಕಂಡಕ್ಟರ್, ದೇವಸ್ಥಾನದ ಅಡುಗೆಯವರು ಎಂಬ ಭೇದವಿಲ್ಲದೆ ಎಲ್ಲರಿಗೂ ಅಲ್ಲಿ ನಾಲ್ಕು ಸಾಲು ಮೀಸಲು. ಅಮ್ಮ ಊರಿನ ಜನರ ಲೆಕ್ಕವಿಡುವುದು ಆ ಸಾಲುಗಳಿಂದ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರತಂದರು, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ, ಕಲ್ಲಚ್ಚಿನಲ್ಲಿ ಮುದ್ರಿಸಿದ ಪತ್ರಿಕೆಯದು. ಅದರ ಒಂದು ವಿಭಾಗದ ಹೆಸರು ‘ವೂರ ವರ್ತಮಾನ’. ಹದಿನೈದು ದಿನದ ಅಂತರದಲ್ಲಿ ‘ನಾಳೆ’ ಎಂದು ಬರೆದರೆ ಯಾರಿಗೂ ಉಪಯೋಗವಾಗದೆಂಬುದು ಅಂದಿನ ಸಂಪಾದಕರಿಗೆ ಹೊಳೆಯದೆ ಇದ್ದಿರಲಾರದು.

ಸೇವೆಗೆ ಸಲ್ಲಬೇಕಾದ ಒಂದು ಮೆಚ್ಚುಗೆಯೂ ಇದೆ. ಏಪ್ರಿಲ್‌ನಲ್ಲಿ ಸಂಜೆ ದಿಢೀರನೆ ಮಳೆ ಸುರಿದು ಅಲೆವೂರಿನ ಆಟ ರದ್ದಾದಾಗ, ಅರ್ಧ ಗಂಟೆಯೊಳಗೆ, ಸ್ಥಳದ ಹೆಸರಿನ ಸಮೇತ ತಿಳಿಸಿತು. ಮುಂಜಾನೆ ಅಚ್ಚಾದ ಪಟ್ಟಿಗೆ ಇದು ಸಾಧ್ಯವಿಲ್ಲ. ಇಂಥದ್ದನ್ನು ದಿನವೂ ಮಾಡುವುದಾದರೆ ಎರಡರಷ್ಟು ಚಂದಾ ಕೊಡಲೂ ನಾನು ಸಿದ್ಧ.

ರಸ್ತೆ, ಮಳೆ, ಅಪಘಾತಗಳ ಸುದ್ದಿ ತಕ್ಷಣ ಬೇಕಾದವರು ಈ ಸೇವೆಯನ್ನು ಪಡೆಯಬಹುದು. ಆಟಕ್ಕೆ, ನಾಟಕಕ್ಕೆ ಹೊರಡುವವರು ಪತ್ರಿಕೆಯ ಪಟ್ಟಿಯನ್ನು ನೋಡಿ, ಸಾಧ್ಯವಾದರೆ ಸಂಘಟಕರಿಗೊಂದು ಫೋನ್ ಮಾಡಿ ಹೊರಡುವುದು ಲೇಸು. ಪ್ರತಿ ಸಂದೇಶದ ಮೊದಲ ಸಾಲಿನಲ್ಲೇ ದಿನಾಂಕ, ಗಂಟೆ, ಊರು, ತಾಲೂಕು ಇರಲಿ ಎಂದು ಸೇವೆಯವರಿಗೆ ಎರಡು ಬಾರಿ ಬರೆದಿದ್ದೇನೆ. ‘ನಿಮ್ಮ ಸಲಹೆಯನ್ನು ಪರಿಶೀಲಿಸಿ ನಾಳೆ ತಿಳಿಸುತ್ತೇವೆ’ ಎಂಬ ಉತ್ತರ ಬಂದಿದೆ. ಅದರಲ್ಲಿಯೂ ದಿನಾಂಕವಿಲ್ಲ.