ತುಳಿಯುವ ದೋಣಿಯೋ, ತಿರುಗುವ ತೆಪ್ಪವೋ

ಮೈಸೂರಿಗೆ ಅರಮನೆಗಳಿವೆ, ಬೆಟ್ಟವಿದೆ, ಕೆರೆಗಳಿವೆ. ನದಿ ಮಾತ್ರ ಇಲ್ಲ. ಕಾವೇರಿಯನ್ನು ನೋಡಬೇಕೆಂದರೆ ಸುಮಾರು 15 ಕಿಲೋಮೀಟರ್ ಆಚೆಯ ಶ್ರೀರಂಗಪಟ್ಟಣಕ್ಕೆ, ಅಂದರೆ ಮಂಡ್ಯ ಜಿಲ್ಲೆಗೆ ಹೋಗಬೇಕು, ಕಪಿಲೆಗಾದರೆ ನಂಜನಗೂಡಿಗೆ. ಹೀಗಿರುವಾಗ ಹೊರದೇಶದಿಂದ ರಜೆಗೆ ಬರುವ ನಮ್ಮ ಮನೆಯ ಹುಡುಗರು ಕೇಳುವ ಪ್ರಶ್ನೆಯೊಂದು ನನ್ನನ್ನು ಪೇಚಿಗೆ ಸಿಲುಕಿಸುತ್ತದೆ. ಹತ್ತು ಜನ ಒಟ್ಟಿಗೆ ಕುಳಿತು, ಪೆಡಲ್ ತುಳಿಯುತ್ತ, ಏನಾದರೂ ಕುಡಿಯುತ್ತ, ಊರ ನಡುವಿನ ನದಿಯಲ್ಲಿ ಸುತ್ತಿ ಬರುವಂಥ ದೋಣಿ ಇಲ್ಲೆಲ್ಲಿ ಸಿಗುತ್ತದೆ? ಇಡಿಯಾಗಿ ಎಲ್ಲಿಯೂ ಸಿಗುವುದಿಲ್ಲ, ಬಿಡಿಬಿಡಿಯಾಗಿ ಸಿಗುತ್ತದೆ. ಪೆಡಲ್ ಒಂದು ಕಡೆ, ನದಿ ಇನ್ನೊಂದು ಕಡೆ, ಕುಡಿಯುವುದು ಮೂರನೆಯ ಕಡೆ. ಯಾವುದನ್ನು ಬಿಟ್ಟುಕೊಟ್ಟರೆ ನಷ್ಟ ಕಡಿಮೆ ಎಂದು ತಿಳಿಯಲು ಇವನ್ನೆಲ್ಲ ಹತ್ತಿ ಇಳಿದಿದ್ದೇನೆ.

ಅಸಲು ಹೇಗಿರುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಮಿಲ್ವಾಕಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯನ ಗೆಳೆಯರು ಅಂಥದ್ದೊಂದು ದೋಣಿಯನ್ನು ಪೂರ್ತಿಯಾಗಿ ಬಾಡಿಗೆಗೆ ಹಿಡಿದಿದ್ದರು. ಮಿಲ್ವಾಕಿ ಬಿಯರ್‌ಗೆ ಹೆಸರಾದ ಊರು. ಮಿಲ್ಲರ್, ಪ್ಯಾಬ್ಸ್ಟ್, ಶ್ಲಿಟ್ಜ್ ಬೆಳೆದದ್ದು ಅಲ್ಲಿಯೇ. ಊರಿನ ಹೆಸರನ್ನೇ ಹೊತ್ತ ನದಿ ಪೇಟೆಯ ನಡುವೆ ಹರಿದು ಮಿಷಿಗನ್ ಸರೋವರವನ್ನು ಸೇರುತ್ತದೆ. ದೋಣಿಯ ತಳ ಚಪ್ಪಟೆ, ಮೇಲೊಂದು ಚಾವಣಿ. ನಡುವೆ ಉದ್ದನೆಯ ಮೇಜು, ಅದರ ಎರಡೂ ಬದಿಗೆ ಸೈಕಲ್ ಸೀಟುಗಳು, ಕಾಲ ಬಳಿ ಪೆಡಲುಗಳು. ಎಲ್ಲರೂ ತುಳಿದರೆ ಹಿಂಬದಿಯಲ್ಲಿ ಹಲಗೆಗಳ ಚಕ್ರವೊಂದು ನೀರನ್ನು ತಳ್ಳುತ್ತದೆ. ಚುಕ್ಕಾಣಿ ಪರವಾನಗಿಯುಳ್ಳ ನಾವಿಕನ ಕೈಯಲ್ಲಿರುತ್ತದೆ. ಅವನು ಕುಡಿಯುವಂತಿಲ್ಲ, ಉಳಿದವರು ತಮಗೆ ಬೇಕಾದ ಡಬ್ಬಿಗಳನ್ನು ತಾವೇ ತರಬಹುದು, ಗಾಜಿನ ಬಾಟಲಿ ಬೇಡ ಎಂದರು. ಸೇತುವೆಗಳ ಅಡಿಯಲ್ಲಿ ಹಾಯುವಾಗ ಮೇಲಿನವರು ಕೈಬೀಸುತ್ತಾರೆ, ಕೆಳಗಿನವರು ಕೂಗುತ್ತಾರೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಎಲ್ಲರ ಕಾಲೂ ಸೋತಿತ್ತು, ದೋಣಿ ಮಾತ್ರ ಅದೇ ವೇಗದಲ್ಲಿ ಹೋಗುತ್ತಿತ್ತು. ಬಗ್ಗಿ ನೋಡಿದರೆ ಹಿಂದೆ ಒಂದು ಮೋಟಾರು ಸದ್ದಿಲ್ಲದೆ ದುಡಿಯುತ್ತಿತ್ತು. ಪೆಡಲ್ ಬರೀ ನೆಪ. ಎದುರುಬದುರು ಕುಳಿತು ಹರಟುವುದೇ ಅಲ್ಲಿನ ಕಸುಬು. ಊರಿಗೆ ಬಂದ ಮೇಲೆ ನಾನು ಪ್ರತಿಯೊಂದು ದೋಣಿಯನ್ನೂ ಇದೇ ಅಳತೆಗೋಲಿನಿಂದ ಅಳೆದೆ.

ಪೆಡಲ್ ಇರಲೇಬೇಕು ಎನ್ನುವವರು ಹೋಗಬೇಕಾದದ್ದು ಕಾರಂಜಿ ಕೆರೆಗೆ. ಚಾಮುಂಡಿ ಬೆಟ್ಟದ ಬುಡದಲ್ಲಿ, 1892ರಲ್ಲಿ ಆರಂಭವಾದ ಮೃಗಾಲಯದ ಮಗ್ಗುಲಲ್ಲಿಯೇ ಇದೆ. ಇದರ ಆಡಳಿತವೂ ಮೃಗಾಲಯದವರದೇ. ಒಟ್ಟು ಸುಮಾರು 90 ಹೆಕ್ಟೇರ್ ಜಾಗ, ಅದರಲ್ಲಿ ನೀರು ಹರಡಿರುವುದು 55 ಹೆಕ್ಟೇರ್. ಒಳಗೆ ಹೋಗಲು ಒಂದು ಟಿಕೆಟ್, ದೋಣಿಗೆ ಇನ್ನೊಂದು. ಮಂಗಳವಾರ ರಜೆ ಎಂಬುದನ್ನು ನೆಂಟರಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಗೇಟಿನ ಮುಂದೆ ನಿಂತು ಪೆಚ್ಚಾಗುವವರು ಪ್ರತಿ ವಾರವೂ ಇರುತ್ತಾರೆ.

ಇಲ್ಲಿಯ ಫೈಬರ್ ದೋಣಿಗಳಲ್ಲಿ ಇಬ್ಬರದು, ನಾಲ್ವರದು ಎಂದು ಎರಡು ಬಗೆ. ನಾಲ್ವರ ದೋಣಿಯಲ್ಲಿ ಮುಂದಿನ ಇಬ್ಬರು ತುಳಿಯುತ್ತಾರೆ, ಹಿಂದಿನ ಇಬ್ಬರು ಸಲಹೆ ಕೊಡುತ್ತಾರೆ. ನಡುವಿನ ಹಿಡಿಯನ್ನು ಎಡಕ್ಕೆ ತಿರುಗಿಸಿದರೆ ದೋಣಿ ಸ್ವಲ್ಪ ಹೊತ್ತು ಯೋಚನೆ ಮಾಡಿ ಆಮೇಲೆ ಎಡಕ್ಕೆ ಹೊರಳುತ್ತದೆ. ಅಷ್ಟರಲ್ಲಿ ಹಿಂದಿನವರು ‘ಬಲಕ್ಕೆ’ ಎಂದಿರುತ್ತಾರೆ. ಇದಕ್ಕೆ ಮೋಟಾರಿನ ಆಸರೆಯಿಲ್ಲ. ಕಾಲು ನಿಂತರೆ ದೋಣಿಯೂ ನಿಂತಿತು, ಇಲ್ಲವೇ ಗಾಳಿ ಕರೆದ ಕಡೆಗೆ ಹೊರಟಿತು. ತಳ ಚಪ್ಪಟೆಯಾಗಿ ಮೈ ಎತ್ತರವಾಗಿರುವುದರಿಂದ ಸಣ್ಣ ಗಾಳಿಗೂ ಪಕ್ಕಕ್ಕೆ ಜಾರುತ್ತದೆ. ಗಾಳಿಗೆ ಬೆನ್ನು ಕೊಟ್ಟು ಹೊರಟವರಿಗೆ ಹೋಗುವಾಗ ಹಬ್ಬ, ಬರುವಾಗ ಸಾಲ. ಮೊದಲು ಗಾಳಿಗೆ ಎದುರಾಗಿ ತುಳಿದು ದೂರ ಹೋಗಿ, ಮರಳುವಾಗ ಅದರ ನೆರವು ಪಡೆಯುವುದು ಜಾಣತನ. ಉದ್ದ ಕಾಲಿನವರಿಗೆ ಮೊಣಕಾಲು ಎದೆಯವರೆಗೆ ಬರುತ್ತದೆ; ಸೀರೆ ಉಟ್ಟವರು ನೆರಿಗೆಯನ್ನು ಮೇಲೆತ್ತಿ ಸಿಕ್ಕಿಸಿಕೊಳ್ಳದೆ ಕೂರಬಾರದು.

ಆದರೂ ಇಬ್ಬರಿಗೆ ಈ ದೋಣಿ ಚೆನ್ನ. ನೀರಿನ ನಡುವೆ ಹೋಗಿ ತುಳಿಯುವುದನ್ನು ನಿಲ್ಲಿಸಿದರೆ ಬೆಟ್ಟ ಎದುರಿಗೆ ನಿಲ್ಲುತ್ತದೆ, ನಡುಗಡ್ಡೆಯ ಮರಗಳ ಮೇಲೆ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಕಾಣುತ್ತವೆ. ಜೊತೆಯಲ್ಲಿ ಮೂರನೆಯವನಿಲ್ಲದ ಏಕಾಂತ ಸಿಗುವುದು ಇಲ್ಲಿ ಮಾತ್ರ. ಮುಂದೆ ಹೇಳುವ ರಂಗನತಿಟ್ಟು, ಸಂಗಮ ಎರಡೂ ಕಡೆ ಅಂಬಿಗನಿಲ್ಲದೆ ದೋಣಿಯಿಲ್ಲ. ಹತ್ತು ಜನರ ಗುಂಪಿಗಂತೂ ಇದು ಸಲ್ಲದು: ಮೂರು ದೋಣಿಗಳಾಗಿ ಒಡೆದುಹೋಗುತ್ತೀರಿ, ಒಂದು ದೋಣಿಯ ಮಾತು ಇನ್ನೊಂದಕ್ಕೆ ಕೂಗಾಗಿ ತಲುಪುತ್ತದೆ. ಒಂದೇ ದೋಣಿಯೊಳಗೂ ಎಲ್ಲರ ಮುಖ ಮುಂದಕ್ಕೇ. ಕುಡಿಯುವ ವಿಚಾರವಂತೂ ಏಳುವುದೇ ಇಲ್ಲ. ಕಾಲೆರಡೂ ಪೆಡಲಿನ ಮೇಲಿದ್ದು, ಒಂದು ಕೈ ಹಿಡಿಯ ಮೇಲಿದ್ದಾಗ ನೀರಿನ ಬಾಟಲಿಯ ಮುಚ್ಚಳ ತೆಗೆಯುವುದೇ ಒಂದು ಕಸರತ್ತು.

ರಂಗನತಿಟ್ಟು ಇದಕ್ಕೆ ತದ್ವಿರುದ್ಧ. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ರೂಪುಗೊಂಡ ನಡುಗಡ್ಡೆಗಳಿವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಲ್ಲಿ ನೀವು ಏನನ್ನೂ ತುಳಿಯಬೇಕಿಲ್ಲ. ಅಂಬಿಗ ಹುಟ್ಟು ಹಾಕುತ್ತಾನೆ, ಕೊಕ್ಕರೆಯ ಗೂಡಿನ ಪಕ್ಕಕ್ಕೆ ದೋಣಿಯನ್ನು ಮೆಲ್ಲಗೆ ತಂದು ನಿಲ್ಲಿಸುತ್ತಾನೆ, ಯಾವ ಬಂಡೆಯ ಮೇಲೆ ಯಾವ ಮೊಸಳೆ ಬಾಯಿ ತೆರೆದು ಮಲಗಿದೆ ಎಂಬುದನ್ನು ಬೆರಳು ಮಾಡಿ ತೋರಿಸುತ್ತಾನೆ. ಹಕ್ಕಿಗಳ ವಿಷಯದಲ್ಲಿ ಈ ಅಂಬಿಗರಿಗಿರುವ ತಿಳಿವಳಿಕೆಗೆ ಪ್ರತ್ಯೇಕ ಶುಲ್ಕ ಇಟ್ಟರೂ ಕೊಡುತ್ತೇನೆ. ಹಣ ಹೆಚ್ಚು ಕೊಟ್ಟು ದೋಣಿಯನ್ನು ನಿಮ್ಮವರಿಗಾಗಿಯೇ ಪಡೆಯಲೂಬಹುದು. ಕ್ಯಾಮೆರಾ ಹೊತ್ತವರು ಹಾಗೆಯೇ ಮಾಡುತ್ತಾರೆ. ಆದರೆ ಹರಟೆಯ ಗುಂಪನ್ನು ಇಲ್ಲಿಗೆ ಕರೆತರುವುದು ಹಕ್ಕಿಗಳಿಗೂ ಅನ್ಯಾಯ, ಗುಂಪಿಗೂ ಅನ್ಯಾಯ. ದನಿ ಏರಿದೊಡನೆ ಅಂಬಿಗ ತುಟಿಯ ಮೇಲೆ ಬೆರಳಿಡುತ್ತಾನೆ. ಲೋಟ ಹಿಡಿದ ಕೈಯನ್ನು ದೋಣಿಯ ಅಂಚಿನಿಂದ ಹೊರಗೆ ಇಳಿಬಿಡುವ ಅಭ್ಯಾಸವುಳ್ಳವರು ಆ ಬಂಡೆಯ ಮೇಲಿನ ಹಲ್ಲುಗಳನ್ನು ಒಮ್ಮೆ ನೋಡಿದರೆ ಸಾಕು.

ಇನ್ನು ಶ್ರೀರಂಗಪಟ್ಟಣದ ಸಂಗಮ. ದ್ವೀಪವನ್ನು ಬಳಸಿ ಬಂದ ಕಾವೇರಿಯ ಎರಡು ಕವಲುಗಳು ಟಿಪ್ಪುವಿನ ಸಮಾಧಿಯಿರುವ ಗುಂಬಜ್ ದಾಟಿದ ಮೇಲೆ ಮತ್ತೆ ಕೂಡುವ ಜಾಗ. ದಡದಲ್ಲಿ ತೆಪ್ಪಗಳನ್ನು ಬೋರಲು ಹಾಕಿರುತ್ತಾರೆ. ಬಿದಿರಿನ ದಬ್ಬೆಗಳನ್ನು ಹೆಣೆದ ಗುಂಡನೆಯ ಮೈ, ಹೊರಗೆ ಹಿಂದಿನ ಕಾಲದಲ್ಲಾದರೆ ಚರ್ಮ, ಈಗ ಡಾಂಬರು ಬಳಿದ ಪ್ಲಾಸ್ಟಿಕ್ ಹೊದಿಕೆ. ಮೂತಿಯಿಲ್ಲ, ಬಾಲವಿಲ್ಲ, ಚುಕ್ಕಾಣಿಯಿಲ್ಲ. ಅಂಬಿಗ ಒಂದೇ ಹುಟ್ಟನ್ನು ಹಿಡಿದು, ಮುಂದಿನ ನೀರನ್ನು ಆಚೆಗೊಮ್ಮೆ ಈಚೆಗೊಮ್ಮೆ ತನ್ನತ್ತ ಸೆಳೆಯುತ್ತ ತೆಪ್ಪವನ್ನು ಎಳೆದುಕೊಂಡು ಹೋಗುತ್ತಾನೆ. ನೋಡಲು ಸುಲಭ. ಅಳಿಯ ಹುಟ್ಟನ್ನು ಇಸಿದುಕೊಂಡು ಪ್ರಯತ್ನಿಸಿದಾಗ ತೆಪ್ಪ ಇದ್ದಲ್ಲಿಯೇ ಸುತ್ತಿತು, ಹೆಚ್ಚು ಬಲ ಹಾಕಿದಷ್ಟೂ ಹೆಚ್ಚು ಸುತ್ತಿತು. ತಳ ನೀರಿನಲ್ಲಿ ಹೆಚ್ಚು ಮುಳುಗದ ಕಾರಣ ಬಂಡೆಗಳ ನಡುವಿನ ತೆಳುನೀರಿನಲ್ಲಿಯೂ ಇದು ನುಸುಳುತ್ತದೆ. ಪೆಡಲ್ ದೋಣಿ ಅಲ್ಲಿ ಕಾಲಿಡಲಾರದು.

ನನ್ನ ಅಳತೆಗೋಲಿಗೆ ಒಪ್ಪಿದ್ದು ಇದೇ. ಕಾರಣ ಬಹಳ ಸರಳ: ತೆಪ್ಪ ಗುಂಡಗಿದೆ. ಅಂಚಿಗೆ ಬೆನ್ನು ಕೊಟ್ಟು ಕುಳಿತರೆ ಎಲ್ಲರ ಮುಖವೂ ಎಲ್ಲರಿಗೂ ಕಾಣುತ್ತದೆ, ಕಾಲುಗಳೆಲ್ಲ ನಡುವೆ ಸೇರುತ್ತವೆ. ಮಿಲ್ವಾಕಿಯವರು ಮೇಜು, ಸೀಟು, ಮೋಟಾರು ಎಲ್ಲವನ್ನೂ ಜೋಡಿಸಿ ಮಾಡಿದ್ದನ್ನು ಇಲ್ಲಿ ಬಿದಿರು ತನ್ನ ಆಕಾರದಿಂದಲೇ ಮಾಡಿಬಿಟ್ಟಿದೆ. ಹತ್ತು ಜನ ಬಂದರೆ ಎರಡು ತೆಪ್ಪ ಬೇಕಾಗುತ್ತದೆ, ನಿಜ. ಆದರೆ ಇಬ್ಬರು ಅಂಬಿಗರೂ ಕೈ ಚಾಚಿ ಒಂದರ ಅಂಚನ್ನು ಇನ್ನೊಂದಕ್ಕೆ ತಾಗಿಸಿ ಹಿಡಿದರೆ ಕಡಲೆಕಾಯಿಯ ಪೊಟ್ಟಣ ಅಲ್ಲಿಂದ ಇಲ್ಲಿಗೆ ಬರುತ್ತದೆ. ನಡುನೀರಿನಲ್ಲಿ ಅಂಬಿಗ ತೆಪ್ಪವನ್ನು ಗಿರಗಿರನೆ ತಿರುಗಿಸುವ ಆಟವೂ ಉಂಟು. ಹೊಟ್ಟೆ ತುಂಬ ಉಂಡು ಹತ್ತಿದವರು ಅದನ್ನು ಮೊದಲೇ ಬೇಡವೆನ್ನುವುದು ಕ್ಷೇಮ.

ಇಲ್ಲಿಯ ತೊಂದರೆ ದರದ್ದು. ಕಾರಂಜಿಯಲ್ಲಿಯೂ ರಂಗನತಿಟ್ಟಿನಲ್ಲಿಯೂ ಫಲಕ ನೋಡಿ ಹಣ ಕೊಡುತ್ತೀರಿ, ಇಲ್ಲಿ ಬಾಯಿಮಾತು. ತಲೆಗೆಷ್ಟು ಎಂದು ಕೇಳಬೇಡಿ. ಇಡೀ ತೆಪ್ಪಕ್ಕೆ ಎಷ್ಟು, ಎಲ್ಲಿಯವರೆಗೆ, ಎಷ್ಟು ಹೊತ್ತು ಎಂಬ ಮೂರನ್ನೂ ದಡದಲ್ಲಿ ಇತ್ಯರ್ಥ ಮಾಡಿಕೊಂಡೇ ಹತ್ತಬೇಕು. ಲೈಫ್ ಜಾಕೆಟ್ ಕೊಡಿ ಎಂದು ನಾಚಿಕೆಯಿಲ್ಲದೆ ಕೇಳಬೇಕು. ಈಜು ಬರುತ್ತದೆ ಎಂಬ ಜಂಬಕ್ಕೆ ಕಾವೇರಿಯ ಬಂಡೆಗಳ ನಡುವೆ ಬೆಲೆಯಿಲ್ಲ.

ಈಗ ಪಾನೀಯದ ಮಾತಿಗೆ ಬರುತ್ತೇನೆ, ಹುಡುಗರಿಗೆ ನಿಜವಾಗಿ ಬೇಕಾಗಿರುವುದು ಅದೇ ಆದ್ದರಿಂದ. ಸಂಗಮದಲ್ಲಿ ಬಿಯರ್ ಡಬ್ಬಿ ತೆರೆಯಬಾರದು ಎಂದು ನಾನು ಹೇಳುವುದಕ್ಕೆ ಕಾನೂನಿನವರೆಗೂ ಹೋಗಬೇಕಿಲ್ಲ. ನಾವು ನಗುತ್ತ ಕುಳಿತಿದ್ದ ತೆಪ್ಪದ ಪಕ್ಕದಲ್ಲಿಯೇ ಇನ್ನೊಂದು ತೆಪ್ಪ ಬಂತು. ಅದರಲ್ಲಿ ತಲೆ ಬೋಳಿಸಿಕೊಂಡ ಯುವಕನೊಬ್ಬ ಮಡಿಲಲ್ಲಿ ಅಸ್ಥಿಯ ಕುಡಿಕೆ ಇಟ್ಟುಕೊಂಡಿದ್ದ. ನಮ್ಮ ಗುಂಪಿನ ಮಾತು ತಾನಾಗಿ ನಿಂತಿತು. ಇದು ತರ್ಪಣದ ನೀರು. ಇದೇ ಪಟ್ಟಣದ ಪಶ್ಚಿಮವಾಹಿನಿಯಲ್ಲಿ 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನೂ ಬಿಟ್ಟಿದ್ದಾರೆ. ಮಿಲ್ವಾಕಿಯ ನದಿಗೆ ಆ ಹೊರೆಯಿಲ್ಲ, ಅಲ್ಲಿಯ ಜನ ಅದರ ಮೇಲೆ ಕುಡಿದು ಕುಣಿಯಲಿ. ನಮ್ಮಲ್ಲಿಯೂ ಕುಡಿಯುವವರು ಇಲ್ಲವೆಂದಲ್ಲ. ಮೆಟ್ಟಿಲ ಮೇಲೆ ಒಡೆದ ಬಾಟಲಿಯ ಚೂರುಗಳನ್ನು ತಪ್ಪಿಸಿ ಹೆಜ್ಜೆಯಿಟ್ಟವರಿಗೆಲ್ಲ ಅದು ಗೊತ್ತು. ಬರಿಗಾಲಿನಲ್ಲಿ ಸ್ನಾನಕ್ಕೆ ಇಳಿಯುವ ಮುದುಕಿಯರ ಮುಂದೆ ಆ ಚೂರುಗಳನ್ನು ಚೆಲ್ಲಿಹೋದವರ ಬಗ್ಗೆ ನನಗೆ ಮರುಕವಿಲ್ಲ.

ಹಾಗಾದರೆ ಕೈಯಲ್ಲಿ ಏನಿರಬೇಕು? ಸಕ್ಕರೆಯ ಜಿಲ್ಲೆಗೆ ಬಂದು ಕಬ್ಬಿನ ಹಾಲು ಬಿಡುವುದುಂಟೇ ಎಂದು ಎಲ್ಲರಿಗೂ ಅನಿಸುತ್ತದೆ. ಕುಡಿಯಿರಿ, ಆದರೆ ಗಾಣದ ಮುಂದೆಯೇ ನಿಂತು, ಶುಂಠಿ ನಿಂಬೆ ಹಾಕಿಸಿಕೊಂಡು. ಅದು ಕಾಯುವ ಜಾತಿಯದಲ್ಲ. ಹಿಂಡಿದ ಸ್ವಲ್ಪ ಹೊತ್ತಿಗೇ ಗಾಳಿ ತಾಗಿ ಬಣ್ಣ ಕಪ್ಪಗಾಗುತ್ತದೆ, ರುಚಿ ಕೆಡುತ್ತದೆ. ತೆಪ್ಪ ನಡುನೀರಿಗೆ ಹೋಗುವಷ್ಟರಲ್ಲಿ ಲೋಟದಲ್ಲಿ ಕೆಸರಿನ ಬಣ್ಣ. ಫ್ಲಾಸ್ಕಿನ ಕಾಫಿಯನ್ನೂ ನೋಡಿದೆ. ಬಗ್ಗಿಸುವ ಹೊತ್ತಿಗೆ ಸರಿಯಾಗಿ ತೆಪ್ಪ ಅಲುಗಿ ಅಳಿಯನ ಪ್ಯಾಂಟು ಅದನ್ನು ಕುಡಿಯಿತು. ಮಜ್ಜಿಗೆ ಪರವಾಗಿಲ್ಲ, ಅಗಲಬಾಯಿಯ ಚೊಂಬಿನಲ್ಲಿ ಬೇಡ. ತೆಪ್ಪಕ್ಕೆ ಹೇಳಿ ಮಾಡಿಸಿದ್ದು ಎಳನೀರು. ದಡದಲ್ಲಿ ಮೇಲ್ಭಾಗವನ್ನು ಕೆತ್ತಿಸಿ ತೆಳುವಾದ ಪದರ ಉಳಿಸಿಕೊಂಡು ಬಂದರೆ, ಬೇಕಾದಾಗ ಹೆಬ್ಬೆರಳಿನಿಂದ ಒತ್ತಿ ತೂತು ಮಾಡಬಹುದು. ಅಲುಗಿದರೂ ಚೆಲ್ಲುವುದಿಲ್ಲ, ಉರುಳಿದರೂ ಒಡೆಯುವುದಿಲ್ಲ, ಬಿಸಿಲಿಗೂ ತಕ್ಷಣ ಕಾಯುವುದಿಲ್ಲ. ಬುರುಡೆಯನ್ನು ಮಾತ್ರ ನೀರಿಗೆ ಎಸೆಯದೆ ಮರಳಿ ತರಬೇಕು. ಅಮಲು ಬೇಕೇ ಬೇಕು ಎನ್ನುವವರಿಗೆ ಮೈಸೂರಿನಲ್ಲಿ ಸಂಜೆಯ ಹೊತ್ತಿಗೆ ಹೋಟೆಲುಗಳ ಬರವಿಲ್ಲ.

ಕೆ.ಆರ್.ಎಸ್. ಬೃಂದಾವನದ ದೋಣಿಯನ್ನೂ ಪಟ್ಟಿಗೆ ಸೇರಿಸಿ ಎಂದು ಕೆಲವರು ಹೇಳಿದರು. ಮೋಟಾರಿನ ಸದ್ದಿನಲ್ಲಿ ಮಾತು ಕೇಳಿಸದು, ಕುಳಿತೆವು ಎನ್ನುವಷ್ಟರಲ್ಲಿ ಆಚೆ ದಡ. ಸೇರಿಸುವುದಿಲ್ಲ.

ಆ ಅಣೆಕಟ್ಟನ್ನು ನೆನೆಯಬೇಕಾದ ಕಾರಣ ಬೇರೆ ಇದೆ. ಮುಂಗಾರಿನಲ್ಲಿ ನೀರಿನ ಮಟ್ಟ ಗರಿಷ್ಠ 124.80 ಅಡಿಯ ಹತ್ತಿರ ಬಂದು ಬಾಗಿಲುಗಳು ತೆರೆದರೆ ಕೆಳಗಿನ ರಂಗನತಿಟ್ಟಿನ ದೋಣಿಯೂ ನಿಲ್ಲುತ್ತದೆ, ಸಂಗಮದ ತೆಪ್ಪವೂ ದಡ ಸೇರುತ್ತದೆ. ಜುಲೈ, ಆಗಸ್ಟಿನಲ್ಲಿ ಬರುವವರು ಪತ್ರಿಕೆಯಲ್ಲಿ ಹೊರಹರಿವಿನ ಲೆಕ್ಕ ನೋಡಿಕೊಂಡು ಹೊರಡಬೇಕು. ಆ ದಿನಗಳಲ್ಲಿ ಕಾರಂಜಿಯೇ ಗತಿ. ಚಳಿಗಾಲದಲ್ಲಿ ಆಟ ನಮ್ಮ ಕಡೆಗೆ ತಿರುಗುತ್ತದೆ. ಡಿಸೆಂಬರಿನಲ್ಲಿ ಮಿಲ್ವಾಕಿಯಲ್ಲಿ ಹಿಮದ ಕಾಲವಾದ್ದರಿಂದ ಪೆಡಲ್ ದೋಣಿಗಳಿಗೆ ಬಿಡುವು, ಇಲ್ಲಿ ಸಂಗಮದ ಬಿಸಿಲು ಅಂಗಿಯ ಮೇಲೆ ಹಿತವಾಗಿರುತ್ತದೆ.

ನನ್ನ ಹೆಂಡತಿ ಈ ಶ್ರೇಯಾಂಕವನ್ನು ಒಪ್ಪಿಲ್ಲ. ಮಾತಾಡುವುದಕ್ಕೆ ಮನೆಯ ಜಗಲಿ ಸಾಲದೇ, ದುಡ್ಡು ಕೊಟ್ಟು ನೀರಿನ ಮೇಲೆ ಹೋಗುವುದು ಮೊಸಳೆ ನೋಡಲಿಕ್ಕಲ್ಲವೇ ಎಂಬುದು ಅವಳ ವಾದ. ಅವಳ ಪಟ್ಟಿಯಲ್ಲಿ ರಂಗನತಿಟ್ಟು ಮೊದಲು, ಕಾರಂಜಿ ಎರಡನೆಯದು, ತೆಪ್ಪ ಕೊನೆಗೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೊರಟವರು ಅವಳ ಪಟ್ಟಿಯನ್ನೇ ಹಿಡಿಯುವುದು ಮೇಲು. ತೆಪ್ಪದ ಅಂಚು ತಗ್ಗು, ಮಕ್ಕಳು ಒಂದು ಕಡೆ ಕೂರುವುದಿಲ್ಲ, ಮತ್ತು ಎಲ್ಲರೂ ಒಂದೇ ಬದಿಗೆ ವಾಲಿದರೆ ತೆಪ್ಪಕ್ಕೆ ಹೇಳಿಕೊಳ್ಳುವಂಥ ಸಮತೋಲವೇನೂ ಇಲ್ಲ.