ಎಚ್ಚರಿಕೆ: ಹೊಸ ಲಾರಿಯ ಹೆಡ್‌ಲೈಟ್ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ ಮೊದಲು ಇದನ್ನು ಓದಿ

ಹತ್ತೊಂಬತ್ತು ತಿಂಗಳ ಗಾಡಿಯ ಬಲಗಡೆಯ ಹೆಡ್‌ಲೈಟಿಗೆ ನಾನು 16,740 ರೂಪಾಯಿ ಕೊಟ್ಟಿದ್ದೇನೆ. ಆ ಹೆಡ್‌ಲೈಟ್ ಕೆಟ್ಟೇ ಇರಲಿಲ್ಲ. ಇಷ್ಟನ್ನು ಬರೆಯಲು ಮನಸ್ಸು ಗಟ್ಟಿಮಾಡಿಕೊಳ್ಳುವುದಕ್ಕೆ ನನಗೆ ಮೂರು ವಾರ ಹಿಡಿಯಿತು, ಏಕೆಂದರೆ ಇದರಲ್ಲಿ ಅವರ ಮೋಸ ಎಷ್ಟಿದೆಯೋ ಓದದೆ ಸಹಿ ಹಾಕಿದ ನನ್ನ ದಡ್ಡತನವೂ ಅಷ್ಟೇ ಇದೆ. ನಮ್ಮ ಸ್ಟ್ಯಾಂಡಿನಲ್ಲಿ ಉಳಿದವರ ಸಾಲದ ಕಾಗದ, ವಿಮೆಯ ಕಾಗದಗಳನ್ನು ಓದಿ ಅರ್ಥ ಹೇಳುವವನು ನಾನು. ನನ್ನ ಕಾಗದವನ್ನು ಮಾತ್ರ ನಾನು ಓದಲಿಲ್ಲ.

ನನ್ನದು ಅರಸೀಕೆರೆ ಕಡೆಯ ತೆಂಗಿನಕಾಯಿ ಬಾಡಿಗೆ. ಸ್ವಂತ ಗಾಡಿ, ನಾನೇ ಚಾಲಕ, 2023ರ ಡಿಸೆಂಬರಿನಲ್ಲಿ ಸಾಲ ಮಾಡಿ ತೆಗೆದುಕೊಂಡದ್ದು, ಕಂತು ಇನ್ನೂ ನಡೆಯುತ್ತಿದೆ. 2025ರ ಜುಲೈನಲ್ಲಿ ಮಂಗಳೂರಿಗೆ ಲೋಡು ಹೊತ್ತು ರಾತ್ರಿ ಶಿರಾಡಿ ಘಾಟಿ ಇಳಿಯುತ್ತಿದ್ದೆ. ಸಕಲೇಶಪುರ ಬಿಟ್ಟಾಗಿನಿಂದಲೇ ಬಲಗಡೆಯ ಬೆಳಕು ಆಗಾಗ ಸಣ್ಣಗೆ ನಡುಗುತ್ತಿತ್ತು. ದೋಣಿಗಾಲ್ ದಾಟಿದ ಮೇಲೆ ಮುಂದಿನ ಗಾಡಿಯನ್ನು ಹಿಂದೆ ಹಾಕಲು ಬಲಗಡೆಯ ಇಂಡಿಕೇಟರ್ ಹಾಕಿದೆ. ಇಂಡಿಕೇಟರ್ ಒಮ್ಮೆ ಮಿನುಗಿದರೆ ಹೆಡ್‌ಲೈಟ್ ಒಮ್ಮೆ ಮಂಕಾಗುತ್ತಿತ್ತು, ಮತ್ತೆ ಮಿನುಗಿದರೆ ಮತ್ತೆ ಮಂಕು. ಎರಡೂ ಒಂದೇ ತಾಳಕ್ಕೆ ಕುಣಿಯುತ್ತಿದ್ದವು. ಇದನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಏಕೆಂದರೆ ಇಡೀ ರೋಗ ಅಲ್ಲಿಯೇ ಇತ್ತು, ಮತ್ತು ನಾನು ಇದನ್ನು ಶೋರೂಮಿನಲ್ಲಿ ಮೂರು ಸಲ ಹೇಳಿದ್ದೇನೆ.

ಮಾರನಹಳ್ಳಿ ಕಳೆದ ಮೇಲೆ ಆ ದೀಪ ಪೂರ್ತಿ ಆರಿತು. ಮಳೆ, ಮಂಜು, ಎದುರಿಗೆ ಬರುವವರಿಗೆ ಕಾಣುವುದು ನನ್ನ ಎಡಗಡೆಯ ದೀಪವೊಂದೇ. ರಸ್ತೆಯ ಅಂಚಿನಲ್ಲಿ ಒಂದೇ ದೀಪ ಕಂಡರೆ ಅದು ಬೈಕು ಎಂದು ಯಾರಾದರೂ ಭಾವಿಸುತ್ತಾರೆ. ಹತ್ತಿಕೊಂಡು ಬರುತ್ತಿದ್ದ ಬಸ್ಸೊಂದು ಬೈಕಿಗೆ ಎಷ್ಟು ಜಾಗ ಬಿಡಬೇಕೋ ಅಷ್ಟೇ ಬಿಟ್ಟು ಒಳಗೆ ನುಗ್ಗಿತು, ಕೊನೆಯ ಗಳಿಗೆಯಲ್ಲಿ ಅದರ ಚಾಲಕ ಹೊರಗೆ ಎಳೆದುಕೊಂಡದ್ದರಿಂದ ನನ್ನ ಕನ್ನಡಿ ಮಾತ್ರ ಹೋಯಿತು. ಅಲ್ಲಿಂದ ಗುಂಡ್ಯದವರೆಗೆ ಖಾಲಿ ಗ್ಯಾಸ್ ಟ್ಯಾಂಕರೊಂದರ ಕೆಂಪು ದೀಪಗಳನ್ನೇ ಹಿಡಿದುಕೊಂಡು ಇಳಿದೆ.

ಊರಿಗೆ ಬಂದ ಮೇಲೆ ಪರಿಚಯದ ಎಲೆಕ್ಟ್ರಿಶಿಯನ್ ಹತ್ತಿರ ಹೋಗದೆ ನೇರವಾಗಿ ಶೋರೂಮಿಗೇ ಏಕೆ ಹೋದೆ ಎಂದು ನೀವು ಕೇಳಬಹುದು. 2020ರ ಏಪ್ರಿಲ್‌ನಿಂದ ಬಿಎಸ್-6 ಎಂಬ ಹೊಗೆಯ ನಿಯಮದ ಗಾಡಿಗಳು ಬಂದ ಮೇಲೆ ನಮ್ಮೆಲ್ಲರಿಗೂ ಒಂದು ಹೆದರಿಕೆ ಹಿಡಿದಿದೆ: ಸೆನ್ಸರ್ ಇದೆ, ಹೊರಗಿನವರು ಮುಟ್ಟಿದರೆ ವಾರಂಟಿ ಹೋಗುತ್ತದೆ. ಹೊಗೆಯ ನಿಯಮಕ್ಕೂ ಹೆಡ್‌ಲೈಟಿನ ವೈರಿಗೂ ಏನು ಸಂಬಂಧ ಎಂದು ನಾನು ಯೋಚಿಸಲೇ ಇಲ್ಲ.

ಮೊದಲನೆಯ ದಿನ ಸರ್ವಿಸ್ ಅಡ್ವೈಸರ್ ಗಾಡಿಯ ಹತ್ತಿರಕ್ಕೂ ಬರದೆ, ಕುರ್ಚಿಯಲ್ಲಿ ಕುಳಿತೇ, "ಬಲ್ಬು ವಾರಂಟಿಗೆ ಬರಲ್ಲ ಸಾರ್, ಅದು ಸವೆಯೋ ಐಟಮ್" ಎಂದರು. ಇದರಲ್ಲಿ ಬಲ್ಬೇ ಇಲ್ಲ, ಎಲ್‌ಇಡಿ, ಸೀಲ್ ಮಾಡಿದ ಇಡೀ ಡಬ್ಬ ಎಂದು ನಾನೇ ಅವರಿಗೆ ತಿಳಿಸಬೇಕಾಯಿತು. "ಹೌದಾ, ಹಾಗಾದ್ರೆ ಗಾಡಿ ಬಿಟ್ಟು ಹೋಗಿ, ನೋಡ್ತೀವಿ" ಎಂದರು. ಇಂಡಿಕೇಟರಿನ ಜೊತೆ ಮಂಕಾಗುತ್ತದೆ ಎಂದು ಹೇಳಿದೆ. ಬರೆದುಕೊಳ್ಳಲಿಲ್ಲ.

ಎರಡನೆಯ ದಿನ ಉತ್ತರ ಬದಲಾಯಿತು. "ನೀರು ಹೋಗಿದೆ ಸಾರ್. ನೀರಿನ ಪ್ರಾಬ್ಲಂ ಕಂಪನಿ ಒಪ್ಪಲ್ಲ." ಗಾಜಿನ ಒಳಗಡೆ ಹಬೆಯಂತೆ ಮಂಜು ಕಟ್ಟಿದ್ದನ್ನು ಬೆರಳಿಟ್ಟು ತೋರಿಸಿದರು. ಎಡಗಡೆಯ ದೀಪದ ಗಾಜಿನಲ್ಲಿಯೂ ಅಷ್ಟೇ ಮಂಜು ಇತ್ತು, ಅದು ಜಗಮಗ ಉರಿಯುತ್ತಿತ್ತು. ಮಳೆಗಾಲದಲ್ಲಿ ಹೀಗೆ ಮಂಜು ಕಟ್ಟುವುದು ಸಹಜ, ದೀಪ ಹಾಕಿದ ಸ್ವಲ್ಪ ಹೊತ್ತಿಗೆ ಹೋಗುತ್ತದೆ ಎಂದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿಯೇ ಇದೆ. ಪುಟ ತೆಗೆದು ತೋರಿಸಿದೆ. ಇಂಡಿಕೇಟರಿನ ವಿಷಯ ಮತ್ತೆ ಹೇಳಿದೆ. "ಅದು ಬೇರೆ, ಇದು ಬೇರೆ ಸಾರ್."

ಮೂರನೆಯ ದಿನದ ಉತ್ತರ ನೆನೆದರೆ ಈಗಲೂ ಮೈ ಉರಿಯುತ್ತದೆ. ನನ್ನ ಕ್ಯಾಬಿನ್ನಿನಲ್ಲಿ ಜೇನುಕಲ್ಲು ಸಿದ್ದೇಶ್ವರನ ಫೋಟೋ ಇದೆ, ಅದರ ಮುಂದೆ ಹೆಬ್ಬೆರಳಿನಷ್ಟು ದೊಡ್ಡದೊಂದು ಕೆಂಪು ದೀಪ, ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟಿಗೆ ಸಿಕ್ಕಿಸುವಂಥದು. ಒಂದೇ ಒಂದು ವೈರನ್ನೂ ಎಲ್ಲಿಯೂ ಕತ್ತರಿಸಿಲ್ಲ. ಅಡ್ವೈಸರ್ ಅದರ ಫೋಟೋ ತೆಗೆದು ಮೇಲಿನವರಿಗೆ ಕಳುಹಿಸಿ, ನನ್ನ ಕಡೆ ತಿರುಗಿ, "ಇದು ಹೊರಗಿನ ವೈರಿಂಗ್ ಸಾರ್, ಎಲೆಕ್ಟ್ರಿಕಲ್ ವಾರಂಟಿ ಕ್ಯಾನ್ಸಲ್" ಎಂದರು. ದೇವರ ಮುಂದಿನ ಕೆಂಪು ದೀಪಕ್ಕೂ ಬಂಪರಿನ ಮೂಲೆಯ ಹೆಡ್‌ಲೈಟಿಗೂ ನಂಟು ಹೇಗೆ ಎಂದು ಕೇಳಿದರೆ, "ಸಿಸ್ಟಮ್ಮಿನಲ್ಲಿ ಹಾಗೇ ತೋರಿಸುತ್ತೆ." ಮೂರು ದಿನಕ್ಕೆ ಮೂರು ಕಾರಣ. ಬಲ್ಬು, ನೀರು, ದೇವರು. ಮೂರರಲ್ಲಿ ಒಂದಾದರೂ ನಿಜವಾಗಿದ್ದರೆ ಮೊದಲನೆಯ ದಿನವೇ ಅದನ್ನು ಹೇಳುತ್ತಿರಲಿಲ್ಲವೇ ಎಂಬ ಪ್ರಶ್ನೆ ನನಗೆ ಅಲ್ಲಿ ಹೊಳೆಯಲಿಲ್ಲ, ಮನೆಗೆ ಬಂದ ಮೇಲೆ ಹೊಳೆಯಿತು.

ಅಷ್ಟರಲ್ಲಿ ನಾಲ್ಕು ದಿನದ ಬಾಡಿಗೆ ಹೋಗಿತ್ತು. ಮಂಡಿಯವರು ಬೇರೆ ಗಾಡಿಗೆ ಲೋಡು ಕೊಡುವುದಾಗಿ ಫೋನ್ ಮಾಡುತ್ತಿದ್ದರು. ಹಾಕಿ ಬಿಡಿ, ದುಡ್ಡು ಕೊಡುತ್ತೇನೆ ಎಂದುಬಿಟ್ಟೆ. ಆ ಮಾತಿಗಾಗಿಯೇ ಅವರು ಕಾಯುತ್ತಿದ್ದರು ಎಂದು ಈಗ ಅನಿಸುತ್ತದೆ. ಸಂಜೆ ಹೊಸ ದೀಪ ಉರಿಯುತ್ತಿತ್ತು, ಬಿಲ್ಲು ಕಟ್ಟಿದೆ, ಗೇಟ್ ಪಾಸ್ ಬೇಕಾದರೆ ಇಲ್ಲಿ ಸಹಿ, ಇಲ್ಲಿ ಸಹಿ, ಇನ್ನೊಂದು ಇಲ್ಲಿ ಎಂದರು, ಹಾಕಿದೆ. ಆಮೇಲೆ ಅದೇ ಅಡ್ವೈಸರ್ ತಗ್ಗಿದ ದನಿಯಲ್ಲಿ, "ಅಣ್ಣ, ಕಂಪನಿಯಿಂದ ಫೋನ್ ಬರುತ್ತೆ, ಹತ್ತಕ್ಕೆ ಹತ್ತು ಕೊಟ್ಬಿಡಿ, ಒಂಬತ್ತು ಕೊಟ್ರೂ ನಮ್ ಸಂಬಳಕ್ಕೆ ಕತ್ತರಿ" ಎಂದರು. ಮೂರು ದಿನ ಸಾರ್ ಆಗಿದ್ದವನು ಅಂಕ ಬೇಕಾದಾಗ ಅಣ್ಣನಾದೆ. ಹುಡುಗನ ಮುಖ ನೋಡಿ ಪಾಪ ಎನಿಸಿ ಹತ್ತು ಕೊಟ್ಟೆ. ಹೌದು, ಕೊಟ್ಟೆ.

ಆ ದಿನ ನಾನು ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸವೆಂದರೆ ಹಳೆಯ ಹೆಡ್‌ಲೈಟನ್ನು ಕೇಳಿ ತೆಗೆದುಕೊಂಡು ಬಂದದ್ದು. ಅದನ್ನೂ ಸುಮ್ಮನೆ ಕೊಡಲಿಲ್ಲ. "ಹಳೇದು ಕಂಪನಿಗೆ ವಾಪಸ್ ಹೋಗಬೇಕು" ಎಂದರು. ವಾರಂಟಿಯಲ್ಲಿ ಬದಲಿಸಿದ್ದರೆ ಕಂಪನಿಗೆ ಹೋಗಲಿ, ದುಡ್ಡು ಕೊಟ್ಟವನು ನಾನು, ನನ್ನ ಸಾಮಾನು ನನಗೆ ಕೊಡಿ ಎಂದು ಜಗ್ಗದೆ ನಿಂತ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಕೊಟ್ಟರು. ಅದನ್ನು ಸೀಟಿನ ಹಿಂದೆ ತುರುಕಿ ಮರೆತಿದ್ದೆ.

ಒಂಬತ್ತನೆಯ ದಿನ, ಸಕಲೇಶಪುರ ಇನ್ನೇನು ಬಂತು ಎನ್ನುವಾಗ, ಹೊಸ ಹೆಡ್‌ಲೈಟ್ ನಡುಗತೊಡಗಿತು. ಇಂಡಿಕೇಟರ್ ಹಾಕಿದೆ. ಅದೇ ತಾಳ. ಈ ಸಲ ಘಾಟಿ ಇಳಿಯುವ ಧೈರ್ಯ ಬರಲಿಲ್ಲ, ರಸ್ತೆ ಪಕ್ಕದಲ್ಲಿ ಟಾರ್ಪಾಲು ಕಟ್ಟಿಕೊಂಡು ಕುಳಿತಿದ್ದ ಎಲೆಕ್ಟ್ರಿಶಿಯನ್ ಒಬ್ಬರ ಮುಂದೆ ಗಾಡಿ ನಿಲ್ಲಿಸಿದೆ. ಬೀಡಿ ಆರಿಸಿ ಬಂದ ಆ ಮುದುಕರು ಇಂಡಿಕೇಟರ್ ಹಾಕಿಸಿ ಅರ್ಧ ನಿಮಿಷ ನೋಡಿದರು. "ಇದು ಲೈಟಲ್ಲ ಕಣಪ್ಪ, ಅರ್ಥು. ಕರೆಂಟು ವಾಪಸ್ ಹೋಗಕ್ಕೆ ದಾರಿ ಇಲ್ದೆ ಇಂಡಿಕೇಟರ್ ಜೊತೆ ಕಿತ್ತಾಡ್ತಾ ಐತೆ" ಎಂದರು. ಬಂಪರಿನ ಹಿಂದೆ ಕೈ ತೂರಿಸಿ ಒಂದು ಬೋಲ್ಟು ಬಿಚ್ಚಿದರು. ಹೆಡ್‌ಲೈಟಿಗೂ ಇಂಡಿಕೇಟರಿಗೂ ಸೇರಿ ಒಂದೇ ಅರ್ಥ್ ವೈರು, ಅಂದರೆ ಕರೆಂಟು ವಾಪಸ್ ಹೋಗುವ ವೈರು, ಅಲ್ಲಿ ಚಾಸಿಗೆ, ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಕೂತಿತ್ತು. ವೈರಿನ ತುದಿಯ ಬಳೆಯ ಕೆಳಗೆ ಕಾರ್ಖಾನೆಯ ಕಪ್ಪು ಬಣ್ಣ ಹಾಗೇ ಇತ್ತು, ಯಾರೂ ಕೆರೆದಿರಲಿಲ್ಲ. ಬಣ್ಣದ ಮೇಲೆ ಕೂತ ಬಳೆ ಬೋಲ್ಟಿನ ಎಳೆಯಿಂದ ಮಾತ್ರ ಚಾಸಿಯನ್ನು ಮುಟ್ಟುತ್ತಿತ್ತು, ಎರಡು ಮಳೆಗಾಲದ ನೀರಿಗೆ ಆ ಎಳೆಯೂ ತುಕ್ಕು ಹಿಡಿದು, ಸುತ್ತ ಹಸಿರು ಪುಡಿ ಕಟ್ಟಿತ್ತು. ಎಮರಿ ಪೇಪರಿನಲ್ಲಿ ಉಜ್ಜಿ, ಕಬ್ಬಿಣ ಬೆಳ್ಳಗೆ ಕಂಡ ಮೇಲೆ ಬಿಗಿದು, ಮೇಲೆ ಗ್ರೀಸು ಬಳಿದರು. ಹಾಗಾದರೆ ಹೊಸ ದೀಪ ಒಂಬತ್ತು ದಿನ ಹೇಗೆ ಉರಿಯಿತು ಎಂದು ಕೇಳಿದೆ. "ಬಂಪರ್ ಬಿಚ್ಚೋವಾಗ ವೈರು ಅಲ್ಲಾಡಿರ್ತದೆ, ಒಂದಿಷ್ಟು ದಿನ ಕಚ್ಕೊಂಡಿರ್ತದೆ."

ಆಗ ನನಗೆ ಸೀಟಿನ ಹಿಂದಿನ ಪೆಟ್ಟಿಗೆ ನೆನಪಾಯಿತು. ತಂದುಕೊಟ್ಟೆ. ಅವರು ಮೇಜಿನ ಕೆಳಗಿನ ಹಳೆಯ ಬ್ಯಾಟರಿಯಿಂದ ಎರಡು ವೈರು ಎಳೆದು ಅದರ ಕಪ್ಲರಿಗೆ, ಅಂದರೆ ವೈರು ಸಿಕ್ಕಿಸುವ ಜಾಗಕ್ಕೆ, ಹಿಡಿದರು. ಸತ್ತಿದೆ, ನೀರು ಕುಡಿದಿದೆ, ದೇವರ ದೀಪದಿಂದ ಸುಟ್ಟಿದೆ ಎಂದು ಹೇಳಿ ನನ್ನಿಂದ 16,740 ರೂಪಾಯಿ ಕೀಳಿಸಿದ ಆ ಹೆಡ್‌ಲೈಟು ಟಾರ್ಪಾಲಿನ ಮೇಲೆ ಹಾಲಿನಂಥ ಬೆಳಕು ಚೆಲ್ಲಿತು. ಡಿಮ್ ಹಾಕಿದರು, ಉರಿಯಿತು. ಬ್ರೈಟ್ ಹಾಕಿದರು, ಉರಿಯಿತು. ಮುದುಕರು ನಗಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ. ಇನ್ನೂರು ರೂಪಾಯಿ ತೆಗೆದುಕೊಂಡರು. ಅವತ್ತಿನಿಂದ ಇವತ್ತಿನವರೆಗೆ ದೀಪ ಒಮ್ಮೆಯೂ ನಡುಗಿಲ್ಲ.

ಹಳೆಯ ದೀಪ ಉರಿಯುವ ವಿಡಿಯೋ ಕಳುಹಿಸಿ ಅಡ್ವೈಸರಿಗೆ ಫೋನ್ ಮಾಡಿದೆ. "ಹೊರಗಡೆ ಬಿಚ್ಚಿಸಿದ್ರಾ? ಹಾಗಾದ್ರೆ ಹೊಸ ಲೈಟಿನ ವಾರಂಟಿನೂ ಹೋಯ್ತಲ್ಲ ಸಾರ್" ಎಂದರು. ಮತ್ತೆ ಸಾರ್ ಆಗಿದ್ದೆ. ಮ್ಯಾನೇಜರ್ ಹತ್ತಿರ ಹೋದರೆ ಅವರು ಜಾಬ್ ಕಾರ್ಡನ್ನು, ಅಂದರೆ ಗಾಡಿಯ ತೊಂದರೆ ಮತ್ತು ಮಾಡಿದ ಕೆಲಸ ಬರೆಯುವ ಕಾಗದವನ್ನು, ನನ್ನ ಕಡೆಗೆ ತಿರುಗಿಸಿ ಒಂದು ಸಾಲಿನ ಮೇಲೆ ಪೆನ್ನು ಇಟ್ಟರು. "ಗ್ರಾಹಕರ ಕೋರಿಕೆಯಂತೆ ಹೆಡ್‌ಲ್ಯಾಂಪ್ ಬದಲಿಸಲಾಗಿದೆ" ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು, ಕೆಳಗೆ ನನ್ನ ಸಹಿ. ದೋಷ ಏನು ಎಂಬ ಜಾಗ ಖಾಲಿ. ಇಂಡಿಕೇಟರಿನ ಮಾತು ಎಲ್ಲಿಯೂ ಇಲ್ಲ. ಅಂದರೆ ಕಾಗದದ ಪ್ರಕಾರ ನನ್ನ ಗಾಡಿಯಲ್ಲಿ ಏನೂ ತೊಂದರೆ ಇರಲಿಲ್ಲ, ನಾನೇ ಶೋಕಿಗೆ ಹೊಸ ದೀಪ ಹಾಕಿಸಿಕೊಂಡೆ. ಟಾರ್ಪಾಲಿನ ಕೆಳಗೆ ಬರದ ಸಿಟ್ಟು ನನಗೆ ಆ ಗಾಜಿನ ಕೋಣೆಯಲ್ಲಿ ಬಂತು, ಆದರೆ ಬಾಯಿಂದ ಮಾತು ಹೊರಡಲಿಲ್ಲ. ಕಂಪನಿಗೆ ಬರೆದ ಮಿಂಚಂಚೆಗೆ ಬಂದ ಉತ್ತರ ಎರಡೇ ಸಾಲಿನದು: ನೀವು ಸೇವೆಗೆ ಹತ್ತಕ್ಕೆ ಹತ್ತು ಅಂಕ ನೀಡಿದ್ದೀರಿ, ಆದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.

ಆದ್ದರಿಂದ ಕೇಳಿ. ಒಂದೇ ಕಡೆಯ ದೀಪ ನಡುಗಿದರೆ, ಅದರಲ್ಲಿಯೂ ಇಂಡಿಕೇಟರಿನ ಜೊತೆ ನಡುಗಿದರೆ, ಮೊದಲು ಅರ್ಥ್ ನೋಡಿಸಿ. ಅದಾದ ಮೇಲೆ ಎಡಗಡೆಯ ದೀಪವನ್ನು ಆ ಕಡೆಯ ಕಪ್ಲರಿಗೆ ಹಚ್ಚಿ ತೋರಿಸಿ ಎಂದು ಹೇಳಿ. ಚೆನ್ನಾಗಿರುವ ದೀಪವೂ ಅಲ್ಲಿ ಉರಿಯದಿದ್ದರೆ ತಪ್ಪು ದೀಪದ್ದಲ್ಲ. ಹತ್ತು ನಿಮಿಷದ ಈ ಪರೀಕ್ಷೆಯನ್ನು ನಾಲ್ಕು ದಿನದಲ್ಲಿ ಅವರು ಮಾಡಲಿಲ್ಲ. ನೀವು ಹೇಳಿದ ತೊಂದರೆ ನೀವು ಹೇಳಿದ ಮಾತಿನಲ್ಲಿಯೇ ಜಾಬ್ ಕಾರ್ಡಿನಲ್ಲಿ ಬರುವವರೆಗೆ ಬೀಗದ ಕೈ ಕೊಡಬೇಡಿ. ವಾರಂಟಿ ಇಲ್ಲ ಎನ್ನುವವರು ಅದನ್ನು ಬರೆದು ಸಹಿ ಮಾಡಿ ಕೊಡಲಿ. ದುಡ್ಡು ಕೊಟ್ಟರೆ ಹಳೆಯ ಸಾಮಾನು ಬಿಡಬೇಡಿ. ಅಂಕ ಕೇಳಿದರೆ ಒಂದು ತಿಂಗಳು ಬಿಟ್ಟು ಕೊಡುತ್ತೇನೆ ಎನ್ನಿ, ಪಾಪ ಎನ್ನಬೇಡಿ.

ಇನ್ನೊಂದು ವಿಷಯ. ಅದೇ ಮ್ಯಾನೇಜರ್ ನನಗೆ, "ಲಾರಿ ಕಮರ್ಷಿಯಲ್ ಗಾಡಿ, ಗ್ರಾಹಕರ ಕೋರ್ಟು ನಿಮಗೆ ಅನ್ವಯ ಆಗಲ್ಲ" ಎಂದೂ ಹೇಳಿದರು. ಇದು ಅರ್ಧ ಸತ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಹೊರಗಿಟ್ಟಿರುವುದು ನಿಜ, ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲಿಕ್ಕಾಗಿಯೇ ಕೊಂಡದ್ದನ್ನು ವಾಣಿಜ್ಯ ಉದ್ದೇಶ ಎಂದು ಎಣಿಸುವುದಿಲ್ಲ ಎಂಬ ವಿವರಣೆ ಅದೇ ಕಾಯ್ದೆಯಲ್ಲಿದೆ. ಹತ್ತು ಗಾಡಿ ಇಟ್ಟುಕೊಂಡವರ ಮಾತು ಬೇರೆ, ಒಂದೇ ಗಾಡಿಯನ್ನು ತಾನೇ ಓಡಿಸುವವನ ಮಾತು ಬೇರೆ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ, ಅದರಿಂದ ಪ್ರಯೋಜನವಾಗದಿದ್ದಾಗ ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಸಿದ್ಧಮಾಡಿದ್ದೇನೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ, ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಹಾಕಬಹುದು. ನನ್ನ ಸಹಿ ಇರುವ ಆ ಸಾಲು ನನಗೆ ಅಡ್ಡ ಬರುತ್ತದೆ ಎಂದು ವಕೀಲರು ಮೊದಲೇ ಹೇಳಿದ್ದಾರೆ. ಹಳೆಯ ಹೆಡ್‌ಲೈಟು ಮತ್ತು ವಿಡಿಯೋ ನನ್ನ ಕಡೆಗಿವೆ.

ನಿನ್ನೆ ಬೆಳಿಗ್ಗೆ ಅದೇ ಶೋರೂಮಿನಿಂದ ಫೋನ್ ಬಂದಿತ್ತು. ಹೆಣ್ಣುಮಗಳೊಬ್ಬಳು ಬಹಳ ಮರ್ಯಾದೆಯಿಂದ, "ಸಾರ್, ನಿಮ್ಮ ಗಾಡಿ ಸರ್ವಿಸ್ ಡ್ಯೂ ಇದೆ, ಯಾವತ್ತು ತರ್ತೀರ?" ಎಂದು ಕೇಳಿದಳು. ಸರ್ವಿಸ್ ತಪ್ಪಿಸಿದರೆ ಎಂಜಿನ್ನಿನ ವಾರಂಟಿ ಹೋಗುತ್ತದೆ. ತುಮಕೂರಿನಲ್ಲಿ ಅದೇ ಕಂಪನಿಯ ಬೇರೆಯವರ ಶೋರೂಮ್ ಇದೆ, ಒಂದು ದಿನದ ಬಾಡಿಗೆ ಬಿಟ್ಟು ಅಲ್ಲಿಗೆ ಹೋಗುತ್ತಿದ್ದೇನೆ.