ಟೈಲ್ ಟೈಡಿ ಕಿಟ್: ತಗಡು ಗಟ್ಟಿ, ವೈರಿಂಗ್ ಮಾತ್ರ ನೀವೇ ಮಾಡಿಕೊಳ್ಳಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತಗೊಂಡ ಟೈಲ್ ಟೈಡಿ ಕಿಟ್ ಬಗ್ಗೆ ಬರೆಯುತ್ತಿದ್ದೇನೆ. ಹಾಕಿದ್ದು ಪಲ್ಸರ್ ಎನ್‌ಎಸ್ 200ಗೆ. ಹಿಂದಿನ ಉದ್ದ ಮಡ್‌ಗಾರ್ಡ್ ಬಿಚ್ಚಿ, ನಂಬರ್ ಪ್ಲೇಟನ್ನು ಟೈಲ್ ಲೈಟಿನ ಕೆಳಗೇ ಗಿಡ್ಡದಾಗಿ ಕೂರಿಸುವ ಬ್ರಾಕೆಟ್ ಇದು, ಜೊತೆಗೆ ಒಂದು ಪುಟ್ಟ ಎಲ್‌ಇಡಿ ಪ್ಲೇಟ್ ಲೈಟ್. ಬ್ರ್ಯಾಂಡ್ ಹೆಸರು ಹಾಕಿಲ್ಲ. ಇದೇ ತಗಡು, ಇದೇ ಲೈಟು ಬೇರೆ ಬೇರೆ ಹೆಸರಿನ ಡಬ್ಬಿಗಳಲ್ಲಿ ಸಿಗುತ್ತದೆ, ಹಾಗಾಗಿ ನೀವು ಯಾವುದನ್ನೇ ತಗೊಂಡರೂ ಇಲ್ಲಿ ಹೇಳಿದ್ದು ಹೆಚ್ಚುಕಡಿಮೆ ಅನ್ವಯಿಸುತ್ತದೆ.

ಮೊದಲು ಒಳ್ಳೆಯದು. ಬ್ರಾಕೆಟ್ ನಿಜಕ್ಕೂ ಚೆನ್ನಾಗಿದೆ. ಲೇಸರ್‌ನಲ್ಲಿ ಕತ್ತರಿಸಿದ ಸ್ಟೀಲ್ ಶೀಟ್, ಕಪ್ಪು ಪೌಡರ್ ಕೋಟಿಂಗ್, ಬಾಗಿಸಿದ ಜಾಗದಲ್ಲೂ ಬಣ್ಣ ಬಿರುಕು ಬಿಟ್ಟಿಲ್ಲ. ಬೋಲ್ಟ್ ತೂತುಗಳು ಸರಿಯಾಗಿ ಕೂತವು, ಫೈಲ್ ಹಿಡಿದು ಉಜ್ಜುವ ಕೆಲಸ ಬರಲಿಲ್ಲ. ಕಂಪನಿ ಇಂಡಿಕೇಟರ್‌ಗಳನ್ನೇ ಮತ್ತೆ ಹಾಕಲು ಜಾಗ ಕೊಟ್ಟಿದ್ದಾರೆ. ಮಳೆಯಲ್ಲಿ ಓಡಿಸಿದ ಮೇಲೂ ತುಕ್ಕಿನ ಸುಳಿವಿಲ್ಲ.

ಎಲೆಕ್ಟ್ರಿಕಲ್ ಕಡೆ ಬಂದರೆ ಬೇಜಾರಾಗುತ್ತದೆ. ತಗಡಿಗೆ ಇಷ್ಟು ಶ್ರದ್ಧೆ ವಹಿಸಿದವರು ವೈರಿಗೆ ಯಾಕೆ ಹೀಗೆ ಮಾಡಿದರೋ ಗೊತ್ತಿಲ್ಲ. ಲೈಟಿನಿಂದ ಬರುವ ಕೆಂಪು, ಕಪ್ಪು ವೈರ್‌ಗಳು ತೀರಾ ಸಣ್ಣ, ಮೇಲೆ ಸ್ಲೀವ್ ಕೂಡ ಇಲ್ಲ. ಅವು ಬ್ರಾಕೆಟ್‌ನ ಒಂದು ತೂತಿನ ಮೂಲಕ ಒಳಗೆ ಹೋಗಬೇಕು. ಆ ತೂತಿನ ಅಂಚಿಗೆ ಕೂರಿಸುವ ರಬ್ಬರ್ ಬಳೆ, ಅಂದರೆ ಗ್ರೋಮೆಟ್, ಕೊಟ್ಟಿಲ್ಲ. ಬೆರಳಾಡಿಸಿ ನೋಡಿ, ಅಂಚು ಚೂಪಾಗೇ ಇದೆ. ಸಿಂಗಲ್ ಸಿಲಿಂಡರ್ ಬೈಕಿನ ವೈಬ್ರೇಷನ್‌ಗೆ ವೈರ್ ಆ ಅಂಚಿಗೆ ದಿನವೂ ಉಜ್ಜುತ್ತಾ ಇರುತ್ತದೆ, ಒಂದಲ್ಲ ಒಂದು ದಿನ ಪ್ಲಾಸ್ಟಿಕ್ ಸವೆದು ಒಳಗಿನ ತಾಮ್ರ ಬ್ರಾಕೆಟ್ಟಿಗೆ ತಾಗುತ್ತದೆ. ಬ್ರಾಕೆಟ್ ಅಂದರೆ ಚಾಸಿ, ಚಾಸಿ ಅಂದರೆ ಅರ್ಥ್ (ಬ್ಯಾಟರಿಯ ಮೈನಸ್). ಫ್ಯೂಸ್ ಹೋಯಿತು. ಬಹಳಷ್ಟು ಬೈಕ್‌ಗಳಲ್ಲಿ ಪ್ಲೇಟ್ ಲೈಟೂ ಟೈಲ್ ಲೈಟೂ ಒಂದೇ ಫ್ಯೂಸಿನ ಮೇಲಿರುತ್ತವೆ. ಅಂದರೆ ಈ ಪುಟ್ಟ ದೀಪದ ವೈರ್ ಸವೆದರೆ ರಾತ್ರಿ ಹೈವೇಯಲ್ಲಿ ನಿಮ್ಮ ಹಿಂಬದಿ ಪೂರ್ತಿ ಕತ್ತಲು. ಹಿಂದೆ ಲಾರಿ ಬರುತ್ತಿರುತ್ತದೆ. ಇದು ಚಿಕ್ಕ ವಿಷಯ ಅಲ್ಲ.

ಅಂಗಡಿಯಲ್ಲೇ ಹಾಕಿಸಿಕೊಳ್ಳಬಹುದಿತ್ತು. "ಅರ್ಧ ಗಂಟೆ ಸಾರ್, ಹಳೇ ವೈರ್ ಕಟ್ ಮಾಡಿ ಜಾಯಿಂಟ್ ಹಾಕಿ ಟೇಪ್ ಸುತ್ತಿದ್ರೆ ಆಯ್ತು" ಅಂದರು. ಬೇಡ ಅಂದೆ. ಬೈಕಿನ ಒರಿಜಿನಲ್ ವೈರ್‌ಗಳ ಕಟ್ಟು, ಅಂದರೆ ಹಾರ್ನೆಸ್‌ಗೆ ಕತ್ತರಿ ಬಿದ್ದರೆ ವಾರಂಟಿಗೆ ತೊಂದರೆ, ಅದು ಬಿಡಿ, ಇನ್ಸುಲೇಷನ್ ಟೇಪ್ ನಮ್ಮ ಬಿಸಿಲಿಗೆ ಅಂಟು ಬಿಟ್ಟು ಜಾರುತ್ತದೆ, ಒಳಗೆ ನೀರು ಸೇರಿ ತಾಮ್ರ ಹಸಿರಾಗುತ್ತದೆ. ಕಿಟ್ಟಿನ ಜೊತೆ ಬಂದ ಬ್ಲೇಡ್ ಕ್ಲಿಪ್‌ಗಳನ್ನೂ ನಾನು ಬಳಸಲಿಲ್ಲ. ವೈರಿನ ಮೇಲಿಟ್ಟು ಪ್ಲೈಯರ್‌ನಲ್ಲಿ ಒತ್ತಿದರೆ ಒಳಗಿನ ಬ್ಲೇಡ್ ಸಿಪ್ಪೆ ಸೀಳಿ ತಾಮ್ರಕ್ಕೆ ತಾಗುತ್ತದಲ್ಲ, ಅಂಥವು. ಅವು ಒಂದಷ್ಟು ಎಳೆಗಳನ್ನು ಕತ್ತರಿಸಿಯೇ ಬಿಡುತ್ತವೆ, ಸೀಳಿದ ಜಾಗದಲ್ಲಿ ನೀರೂ ಸೇರುತ್ತದೆ. ಹಿಂಚಕ್ರದ ನೀರು ನೇರ ಎರಚುವ ಜಾಗಕ್ಕೆ ಅದು ಸಲ್ಲದು.

ನಾನು ಮಾಡಿದ್ದು ಇಷ್ಟು. ಎಸ್.ಪಿ. ರಸ್ತೆಗೆ ಹೋಗಿ ಹಳೇ ಪ್ಲೇಟ್ ಲೈಟಿನ ಕಪ್ಲರ್‌ಗೆ ಹೊಂದುವ ಎರಡು ಪಿನ್ನಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್), ಪಿನ್ನುಗಳು, ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ವೈರಿಗೆ ಬಿಗಿಯುವ ಕೊಳವೆ), ರಬ್ಬರ್ ಗ್ರೋಮೆಟ್, ಒಂದು ಇನ್‌ಲೈನ್ ಫ್ಯೂಸ್ ಹೋಲ್ಡರ್, 1 ಆಂಪಿಯರ್ ಫ್ಯೂಸ್ ತಂದೆ. ಎಲ್ಲ ಸೇರಿ ಕಿಟ್ಟಿನ ಬೆಲೆಯ ಕಾಲು ಭಾಗವೂ ಆಗಲಿಲ್ಲ. ಲೈಟಿನ ವೈರ್‌ಗೆ ಪಿನ್ ಕ್ರಿಂಪ್ ಮಾಡಿ (ಅಮುಕಿ ಕಚ್ಚಿಸಿ) ಕಪ್ಲರ್‌ಗೆ ಕೂರಿಸಿದರೆ ಕಂಪನಿ ಸಾಕೆಟ್ಟಿಗೆ ನೇರ ಚುಚ್ಚಬಹುದು, ಒರಿಜಿನಲ್ ವೈರ್ ಒಂದನ್ನೂ ಮುಟ್ಟಬೇಕಿಲ್ಲ. ಬೆಸುಗೆಗಿಂತ ಕ್ರಿಂಪ್ ಒಳ್ಳೆಯದು, ಯಾಕೆಂದರೆ ಬೆಸುಗೆ ಹಾಕಿದ ವೈರ್ ಆ ಜಾಗದಲ್ಲಿ ಬಿರುಸಾಗಿ, ಅಲುಗಾಟಕ್ಕೆ ಅದರ ಪಕ್ಕದಲ್ಲೇ ಮುರಿಯುತ್ತದೆ. ಚುಚ್ಚುವ ಮೊದಲು ಮಲ್ಟಿಮೀಟರ್ ಹಿಡಿದು ಯಾವುದು ಪ್ಲಸ್, ಯಾವುದು ಮೈನಸ್ ಅಂತ ನೋಡಿ. ಹಳೇ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ಎಲ್‌ಇಡಿಗೆ ಬೇಕೇ ಬೇಕು. ಇನ್ನು ಆ 1 ಆಂಪಿಯರ್ ಫ್ಯೂಸನ್ನು ಪ್ಲಸ್ ವೈರಿನಲ್ಲಿ, ಕಪ್ಲರ್ ಪಕ್ಕದಲ್ಲೇ ಹಾಕಿ. ಮುಂದೆ ಎಲ್ಲಾದರೂ ಶಾರ್ಟ್ ಆದರೂ ಪ್ಲೇಟ್ ಲೈಟ್ ಮಾತ್ರ ಹೋಗುತ್ತದೆ, ಟೈಲ್ ಲೈಟ್ ಉಳಿಯುತ್ತದೆ. ಈ ಇಡೀ ಬರಹದಲ್ಲಿ ಒಂದೇ ಮಾತು ಕೇಳುವುದಿದ್ದರೆ ಇದನ್ನು ಕೇಳಿ.

ಲೈಟ್ ಎಷ್ಟು ದಿನ ಬಾಳುತ್ತದೆ ಅನ್ನುವುದು ಬೇರೆ ಪ್ರಶ್ನೆ. ಬ್ಯಾಟರಿ 12 ವೋಲ್ಟ್ ಅನ್ನುತ್ತೇವೆ, ಆದರೆ ಎಂಜಿನ್ ಓಡುವಾಗ ಲೈನಿನಲ್ಲಿ 14ರ ಆಸುಪಾಸು ಇರುತ್ತದೆ. ಅಗ್ಗದ ಲೈಟುಗಳಲ್ಲಿ ಮೂರು ಎಲ್‌ಇಡಿ ಸಾಲಾಗಿ, ಜೊತೆಗೊಂದು ರೆಸಿಸ್ಟರ್, ಅಷ್ಟೇ. ಮೂರು ಎಲ್‌ಇಡಿಗೆ 9 ವೋಲ್ಟ್ ಹೋಯಿತು ಅಂದುಕೊಳ್ಳಿ. 12 ವೋಲ್ಟಿನಲ್ಲಿ ರೆಸಿಸ್ಟರ್‌ಗೆ ಉಳಿಯುವುದು 3. ಅದು 150 ಓಮ್ ಆಗಿದ್ದರೆ 20 ಮಿಲಿಆಂಪಿಯರ್ ಹರಿಯುತ್ತದೆ, ಸರಿ. ಅದೇ 14.4 ವೋಲ್ಟಿನಲ್ಲಿ ಉಳಿಯುವುದು 5.4, ಆಗ 36 ಮಿಲಿಆಂಪಿಯರ್! ಹೆಚ್ಚುಕಡಿಮೆ ಎರಡರಷ್ಟು, ಎಲ್‌ಇಡಿ ಬೇಗ ಸಾಯುತ್ತದೆ. 2017ರ ಏಪ್ರಿಲ್‌ನಿಂದ ಹೊಸ ಬೈಕ್‌ಗಳಲ್ಲಿ ಹೆಡ್‌ಲೈಟ್ ಸ್ವಿಚ್ಚೇ ಇಲ್ಲ, ಎಂಜಿನ್ ಓಡುವಾಗೆಲ್ಲ ಲೈಟ್ ಉರಿಯುತ್ತದೆ, ಅದರ ಜೊತೆ ಹಿಂದಿನ ದೀಪವೂ. ಹಾಗಾಗಿ ಲೈಟ್ ತಗೊಳ್ಳುವಾಗ ಒಳಗೆ ಕರೆಂಟನ್ನು ಹದದಲ್ಲಿಡುವ ರೆಗ್ಯುಲೇಟರ್ ಇದೆಯಾ ಅಂತ ಕೇಳಿ. "12ರಿಂದ 24 ವೋಲ್ಟ್" ಅಂತ ಬರೆದಿರುವುದು ಸಾಮಾನ್ಯವಾಗಿ ವಾಸಿ.

ಬೆಳಕಿನ ವಿಷಯ ಇನ್ನೂ ಮುಖ್ಯ. ನಿಯಮದ ಪ್ರಕಾರ ಹಿಂದಿನ ಪ್ಲೇಟ್ ಮೇಲೆ ಬಿಳಿ ಬೆಳಕು ಬಿದ್ದು, ರಾತ್ರಿ 15 ಮೀಟರ್ ದೂರದಿಂದ ನಂಬರ್ ಓದುವಂತಿರಬೇಕು. ಲೈಟ್ ಇಲ್ಲದ ಗಲ್ಲಿಯಲ್ಲಿ ಗಾಡಿ ನಿಲ್ಲಿಸಿ, ಒಂದಿಪ್ಪತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಈ ಕಿಟ್ಟಿನಲ್ಲಿ ಲೈಟ್ ಪ್ಲೇಟಿಗೆ ತೀರಾ ಹತ್ತಿರ ಕೂರುತ್ತದೆ, ಮಧ್ಯದ ಅಕ್ಷರ ಬೆಳಕಿನಲ್ಲಿ ಬಿಳಿಚಿ ಹೋಗುತ್ತವೆ, ತುದಿಯವು ಕಾಣುವುದಿಲ್ಲ. ಮೇಲಾಗಿ ಎಲ್‌ಇಡಿ ಹಿಂದಿನವರ ಕಣ್ಣಿಗೇ ಚುಚ್ಚುತ್ತದೆ. ಬೋಲ್ಟ್ ಹತ್ತಿರ ವಾಷರ್ ಕೊಟ್ಟು ಲೈಟನ್ನು ಸ್ವಲ್ಪ ಹೊರಗೆ ತಂದು, ಮುಖ ಪ್ಲೇಟಿನ ಕಡೆ ಬಾಗಿಸಿ, ಹಿಂದೆ ಒಂದು ಚಿಕ್ಕ ತಗಡಿನ ಮರೆ ಕೊಟ್ಟ ಮೇಲೆ ಬೆಳಕು ಎಲ್ಲ ಕಡೆ ಹರಡಿತು. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟು ಹೆಡ್‌ಲೈಟಿಗೆ ಹೇಗೂ ಹೊಳೆಯುತ್ತದೆ, ಲೈಟ್ ಯಾಕೆ ಅನ್ನುವವರಿದ್ದಾರೆ. ಡಿಕ್ಕಿ ಹೊಡೆದು ಓಡಿಹೋದ ಗಾಡಿಯ ನಂಬರ್ ನೋಡಬೇಕಾದ ಪಾದಚಾರಿಯ ಕೈಯಲ್ಲಿ ಹೆಡ್‌ಲೈಟ್ ಇರುವುದಿಲ್ಲ ಅಲ್ವಾ? ಅದೇ ಕಾರಣಕ್ಕೆ, ಪ್ಲೇಟ್ ಲೈಟ್ ಆರಿಸುವ ಸ್ವಿಚ್ಚು, ಬಟನ್ ಒತ್ತಿದರೆ ಮಡಚುವ ಪ್ಲೇಟು, ಇಂಥದ್ದನ್ನೆಲ್ಲ ದಯವಿಟ್ಟು ಹಾಕಿಸಬೇಡಿ. ಮಾರುವವರ ಮೇಲೂ ನನಗೆ ಸಿಟ್ಟಿದೆ.

ಎಚ್‌ಎಸ್‌ಆರ್‌ಪಿ ಅಂದಾಗ ನೆನಪಾಯಿತು. ಆ ಪ್ಲೇಟಿನ ಸ್ನ್ಯಾಪ್ ಲಾಕ್ ಒಮ್ಮೆ ಕೂರಿಸಿದರೆ ಮತ್ತೆ ಬಿಚ್ಚಲು ಬರುವುದಿಲ್ಲ, ಮುರಿಯಲೇಬೇಕು. ಮುರಿಯುವ ಯೋಚನೆಗೇ ಹೋಗಬೇಡಿ. ಪ್ಲೇಟು ಹಿಂದಿನ ಹೋಲ್ಡರ್ ಸಮೇತ ಬಿಚ್ಚಿ ಬರುತ್ತದಾ ನೋಡಿ, ಬಂದರೆ ಹಾಗೇ ಹೊಸ ಬ್ರಾಕೆಟ್‌ಗೆ ಕೂರಿಸಬಹುದು. ಈ ಕಿಟ್ಟಿನಲ್ಲಿ ಉದ್ದುದ್ದ ಸ್ಲಾಟ್ ಕೊಟ್ಟಿರುವುದರಿಂದ ಸಲೀಸಾಗಿ ಕೂತಿತು. ಹೋಲ್ಡರ್ ಬರದಿದ್ದರೆ ಕಿಟ್ ತಗೊಳ್ಳುವ ಯೋಚನೆಯನ್ನೇ ಬಿಡಿ. ಹಳೇ ಮಡ್‌ಗಾರ್ಡಿನ ಕೆಂಪು ರಿಫ್ಲೆಕ್ಟರ್ ಕೂಡ ಬಿಚ್ಚಿ ಹೊಸದಕ್ಕೆ ಹಾಕಿ, ಅದಕ್ಕೆ ಈ ಬ್ರಾಕೆಟ್‌ನಲ್ಲಿ ಜಾಗ ಕೊಟ್ಟಿಲ್ಲ, ನಾನೇ ತೂತು ಕೊರೆದೆ.

ಇಂಡಿಕೇಟರ್ ಬದಲಿಸುವ ಆಸೆ ಇದ್ದರೆ ಒಂದು ಮಾತು. 10 ವಾಟಿನ ಬಲ್ಬ್ ತೆಗೆದು ಎಲ್‌ಇಡಿ ಹಾಕಿದರೆ ಲೋಡ್ ಕಡಿಮೆಯಾಗಿ, ಬಲ್ಬ್ ಹೋಗಿದೆ ಅಂದುಕೊಂಡು ಇಂಡಿಕೇಟರ್ ಮಿಟುಕಿಸುವ ಫ್ಲ್ಯಾಶರ್ ಪಟಪಟ ಹೊಡೆಯುತ್ತದೆ. ಆ ಲೋಡ್ ಸರಿದೂಗಿಸಲು ಅಂಗಡಿಯವರು 10 ಓಮ್ ರೆಸಿಸ್ಟರ್ ಕೊಡುತ್ತಾರೆ. ಅದು ಉರಿಯುವ ಪ್ರತಿ ಕ್ಷಣ 20 ವಾಟಿನ ಹತ್ತಿರ ಬಿಸಿ ಕಕ್ಕುತ್ತದೆ, ಪ್ಲಾಸ್ಟಿಕ್ಕಿಗೆ ಕಟ್ಟಿದರೆ ಕರಗಿಸುತ್ತದೆ. ಎಲ್‌ಇಡಿಗೆಂದೇ ಬರುವ ಎಲೆಕ್ಟ್ರಾನಿಕ್ ಫ್ಲ್ಯಾಶರ್ ಹಾಕುವುದೇ ಸರಿ. ನಾನಂತೂ ಹಳೇ ಇಂಡಿಕೇಟರೇ ಉಳಿಸಿಕೊಂಡೆ.

ಮಳೆಗಾಲದಲ್ಲಿ ಈ ಕಿಟ್ ಕಷ್ಟ. ಸಕಲೇಶಪುರದ ಕಡೆ ಹೋದಾಗ ಕೆಸರು ಹಿಂದೆ ಕೂತವರ ಬೆನ್ನಿಗೆ, ಬ್ಯಾಗಿಗೆ, ಟೈಲ್ ಲೈಟಿಗೆ ಎಲ್ಲ ಅಂಟಿತು, ಪ್ಲೇಟಿನ ನಂಬರೂ ಮುಚ್ಚಿತು. ಟೈರ್ ಹಗ್ಗರ್ (ಹಿಂಚಕ್ರಕ್ಕೆ ಹತ್ತಿಕೊಂಡಂತೆ ಕೂರುವ ಪುಟ್ಟ ಮಡ್‌ಗಾರ್ಡ್) ಹಾಕಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಮನೆಯವರನ್ನು ದಿನಾ ಹಿಂದೆ ಕೂರಿಸಿಕೊಂಡು ಹೋಗುವವರು ಹಳೇ ಮಡ್‌ಗಾರ್ಡನ್ನೇ ಇಟ್ಟುಕೊಳ್ಳಿ. ಒಬ್ಬರೇ ಓಡಿಸುವವರು, ವೈರ್ ಕೆಲಸ ಮಾಡಲು ತಾಳ್ಮೆ ಇರುವವರು ಧೈರ್ಯವಾಗಿ ತಗೊಳ್ಳಿ. ಬಿಚ್ಚಿದ ಮಡ್‌ಗಾರ್ಡ್, ಹಳೇ ಲೈಟು, ಬೋಲ್ಟುಗಳನ್ನು ಒಂದು ಚೀಲಕ್ಕೆ ಹಾಕಿ ಎತ್ತಿಡಿ. ಗಾಡಿ ಮಾರುವಾಗ ಕೇಳುತ್ತಾರೆ, ಹಾರ್ನೆಸ್ ಕತ್ತರಿಸದಿದ್ದರೆ ಹಾಗೇ ವಾಪಸ್ ಚುಚ್ಚಿ ಕೊಡಬಹುದು.